ಕಿಟಕಿಯಲ್ಲಿಟ್ಟ ಅರ್ಧ ಹಲಗೆ

ಬರೆಯುವ ಮುಂಚೆ ಇದನ್ನೆಲ್ಲ ಎರಡು ಸಲ ತಾಳೆ ನೋಡಿದ್ದೇನೆ. ಆದರೂ ತಪ್ಪು ನನ್ನದೇ ಇರಬಹುದು.

ನಮ್ಮ ಅತ್ತಿಗೆ ಮನೆಯಲ್ಲೇ ಕೋಟು ಹೊಲಿಯುತ್ತಾರೆ. ಇಸ್ತ್ರಿ ಮಾಡಿದ ಹೊಲಿಗೆ ಮತ್ತೆ ಉಬ್ಬಿದರೆ ಅಂಗಡಿಯವರು ಕೋಟನ್ನು ವಾಪಸ್ ಕಳಿಸುತ್ತಾರೆ. ಆವಿ ಆರುವವರೆಗೆ ಹೊಲಿಗೆಯ ಮೇಲೆ ಒತ್ತಿಡಲು ಮರದ ತುಂಡೊಂದು ಬೇಕಿತ್ತು. ಹಳೆಯ ಹಲಗೆಯನ್ನು ಎರಡಾಗಿ ಕೊಯ್ದು, ಒಂದರಿಂದ ಒತ್ತುಮಣೆ ಮಾಡಿಕೊಟ್ಟೆ. ಉಳಿದರ್ಧವನ್ನು ನನ್ನ ಬಡಗಿಕೋಣೆಯ ಕಿಟಕಿಯಲ್ಲಿಟ್ಟೆ.

ಮರುದಿನ ಬೆಳಗ್ಗೆ ಆ ಅರ್ಧ ಬೆಚ್ಚಗಿತ್ತು. ಬಿಸಿಲಿರಲಿಲ್ಲ. ಮೇಲೆ ಸಣ್ಣಗೆ ಬೆವರಿತ್ತು, ಒದ್ದೆ ಉಣ್ಣೆಯ ವಾಸನೆ ಬರುತ್ತಿತ್ತು. ಹಳೆಯದಾದರೂ ಒಳಗೆ ತೇವವಿದ್ದ ಮರ ಕೊಟ್ಟುಬಿಟ್ಟೆನೇನೋ ಎಂದು ಹೆದರಿ ಎರಡು ಬೀದಿ ದಾಟಿ ಓಡಿದೆ.

ಅತ್ತಿಗೆ ಕೋಟಿನ ತೋಳು ಒತ್ತುತ್ತಿದ್ದರು. ನನ್ನ ತುಂಡು ಬೆಚ್ಚಗಾಗಿ ಬೆವರಿದ್ದನ್ನು ಹೇಳಿದೆ. “ನೋಡೋ ಮೈದುನಾ, ಹೊಲಿಗೆ ಹೇಗೆ ಮಲಗಿದೆ! ಆ ಇನ್ನರ್ಧಕ್ಕೆ ಜ್ವರ ಬಂದ್ರೆ ಮಾತ್ರೆ ನುಂಗ್ಸು, ನನ್ನ ಕೆಲಸ ಕೆಡಿಸ್ಬೇಡ” ಎಂದು ನಕ್ಕರು.

ಆಮೇಲೆ ಅವರು ಇಸ್ತ್ರಿ ಮಾಡಿದಾಗಲೆಲ್ಲ ನನ್ನ ತುಂಡು ಬಿಸಿಯಾಗುತ್ತಿತ್ತು. ನನಗೂ ಒಗ್ಗಿಹೋಯಿತು, ಚಳಿಯಾದಾಗ ಅದರ ಮೇಲೆ ಕೈ ಕಾಯಿಸಿಕೊಳ್ಳತೊಡಗಿದೆ.

ಕಳೆದ ಸೋಮವಾರ ತಮ್ಮ ತಂಗಿಗೆ ಹುಷಾರಿಲ್ಲವೆಂದು ಅತ್ತಿಗೆ ಹೊಲಿಗೆಕೋಣೆಗೆ ಬೀಗ ಹಾಕಿ ಅವಳ ಊರಿಗೆ ಹೊರಟರು. ಮರುದಿನ ಸಂಜೆಯೇ ಕೊಡಬೇಕಿದ್ದ ಕೋಟಿನ ಕಾಲರ್ ಒತ್ತುವುದು ಬಾಕಿಯಿತ್ತು. ಮಂಗಳವಾರ ಬೆಳಗ್ಗೆ ನನ್ನ ತುಂಡು ಬಿಸಿಯಿತ್ತು. ಮಧ್ಯಾಹ್ನ ಊರಿಂದ ಮರಳಿದ ಅತ್ತಿಗೆ ಕೋಟು ಹಿಡಿದೇ ಓಡಿಬಂದರು.

“ಕಳ್ಳಾ! ಬೀಗ ಹೇಗೆ ತೆಗೆದ್ಯೋ ಏನೋ, ಕಾಲರ್ ನೀನೇ ಒತ್ತಿದ್ದಲ್ವಾ? ನನಗಿಂತ ಚೆನ್ನಾಗಿ ಕೂರ್ಸಿದ್ದೀಯಲ್ಲೋ!”

ಅವರ ಖುಷಿ ನೋಡಿ ಹೂಂ ಎಂದುಬಿಟ್ಟೆ. ಇದರಲ್ಲಿ ನಾನು ಹೇಳಿದ ಸುಳ್ಳು ಅದೊಂದೇ. ಆ ಕೋಣೆಗಿರುವುದು ಒಂದೇ ಕೀಲಿ, ಅದು ಅವರ ಜೊತೆಗೇ ಊರಿಗೆ ಹೋಗಿತ್ತು.