ಒಂದೇ ಪೈನಿಗೆ ಎರಡು ಪಟ್ಟಿ

"ಅಯ್ಯೋ! ಹಾವು!"

ಪೈನ್ ಮರದ ಬುಡದಲ್ಲಿ ಬೋರಲಾಗಿ ಮಲಗಿ ಮಣ್ಣಿನೊಳಗೆ ಕೈಯಾಡಿಸುತ್ತಿದ್ದವಳು ಕಿಟಾರನೆ ಕಿರುಚಿ ಕೈ ಎಳೆದುಕೊಂಡಳು. ಮಣ್ಣಿನೊಳಗೆ ಬೆಚ್ಚಗಿನದೇನೋ ಅವಳ ಬೆರಳನ್ನು ತಡವಿತ್ತು!

"ಹಾವಿಗೆ ಉಗುರಿರಲ್ಲ ಮೇಡಂ," ಸೂಜಿಯೆಲೆಗಳ ಆಚೆಯಿಂದ ಗಂಡು ದನಿಯೊಂದು ಬಂತು. "ಅದು ನನ್ನ ಕೈ. ನೀವು ಈಗ ಪರಚಿದ್ದೂ ಅದನ್ನೇ."

ಅವಳು ಕೊಂಬೆ ಸರಿಸಿ ನೋಡಿದಳು. ಆ ಕಡೆ ಒಬ್ಬ, ಅವಳ ಹಾಗೆಯೇ ಬೋರಲಾಗಿ, ಮೂಗಿನ ತುದಿಗೆಲ್ಲ ಮಣ್ಣು ಮೆತ್ತಿಕೊಂಡು ಮಲಗಿದ್ದ. ಕಣ್ಣಲ್ಲಿ ಮಾತ್ರ ತುಂಟ ನಗು.

"ಕೈ ತೆಗೀರಿ! ಇದು ನನ್ನ ಮರ!"

"ಓಹೋ... ಹೆಸರು ಬರೆದಿದ್ಯಾ?"

ಅವಳಿಗೆ ಮೈಯೆಲ್ಲ ಉರಿಯಿತು. ಎದೆ ಡವಡವ ಎನ್ನುತ್ತಿದ್ದದ್ದು ಮಾತ್ರ ಸಿಟ್ಟಿಗೋ ಹೆದರಿಕೆಗೋ ಅವಳಿಗೇ ತಿಳಿಯಲಿಲ್ಲ.

ಅದು ಬೋನ್ಸಾಯ್ ಮಾಡುವವರಿಗೆಂದೇ ಪೈನ್ ಬೆಳೆಸುವ ಹೊಲ. ನೆಲದಲ್ಲಿ ಸೊಕ್ಕಿ ಬೆಳೆದು ಕಾಂಡ ದಪ್ಪವಾದ ಮೇಲೆ, ಹೊಸ ಚಿಗುರು ಬಿಚ್ಚುವ ಮುಂಚೆ ಅಗೆದು ಕೊಡುತ್ತಾರೆ. ಆರಿಸುವವರು ಮೊದಲು ನೋಡುವುದು ಮೇಲಲ್ಲ, ಕೆಳಗೆ. ಬೇರು ಸುತ್ತಲೂ ಹರಡಿದೆಯೋ ಇಲ್ಲವೋ ಎಂಬುದನ್ನು ಬುಡದ ಮಣ್ಣು ಕೆದಕಿ ಬೆರಳಲ್ಲೇ ತಿಳಿಯಬೇಕು. ಆಮೇಲೆ ಕಾಂಡದ ಬಳುಕು, ಆಮೇಲೆ ಕೆಳಗಿನ ಕೊಂಬೆ.

ಇಷ್ಟನ್ನೂ ಅವಳಿಗೆ ಕಲಿಸಿದವಳು ಸೋದರತ್ತೆ. ಊರಂಚಿನಲ್ಲಿ ಅತ್ತೆಯ ಬೋನ್ಸಾಯ್ ತೋಟವಿದೆ. ಅಲ್ಲಿ ವರ್ಷಗಟ್ಟಲೆ ನೀರು ಹಾಕಿದ್ದಾಳೆ, ಕಳೆ ಕಿತ್ತಿದ್ದಾಳೆ, ಆದರೆ ಕತ್ತರಿ ಮುಟ್ಟಲು ಅತ್ತೆ ಬಿಟ್ಟಿಲ್ಲ. ಯಾಕೆಂದರೆ ಅವಳು ಯಾವ ಕೆಲಸವನ್ನೂ ನಿಧಾನವಾಗಿ ಮಾಡಿದವಳೇ ಅಲ್ಲ. ಮನೆಯಲ್ಲಿ ಅವಳ ಹೆಸರೇ ಗಡಿಬಿಡಿ!

"ಒಂದೇ ಒಂದು ಮರ ಆರಿಸ್ಕೊಂಡು ಬಾ," ಎಂದಿದ್ದಳು ಅತ್ತೆ. "ಸರಿಯಾದ್ದು ತಂದ್ರೆ ಅವತ್ತಿಂದ ಕತ್ತರಿ ನಿನ್ನ ಕೈಗೆ. ಇಲ್ಲಾಂದ್ರೆ ನೀರಿನ ಪೈಪೇ ಗತಿ!"

ಬೆಳಿಗ್ಗೆ ಗೇಟಿನ ಹತ್ತಿರ ಹೊಲದೊಡತಿ ಬಣ್ಣದ ಬಟ್ಟೆಪಟ್ಟಿಗಳನ್ನು ಹಂಚುತ್ತ ಇಲ್ಲಿನ ಕ್ರಮ ವಿವರಿಸುತ್ತಿದ್ದರು. ಕಡ್ಡಿ ಮುರಿದ ಹಾಗೆ ಮಾತಾಡುವ ಆ ಮುದುಕಿಗೆ ಎಲ್ಲರೂ ಇಟ್ಟ ಹೆಸರು ಕಡ್ಡಿಯಜ್ಜಿ. "ಬೇಕಾದ ಮರದ ಕಾಂಡಕ್ಕೆ ಪಟ್ಟಿ ಕಟ್ಟಿ..." ಎಂಬಲ್ಲಿಗೆ ನಮ್ಮ ಗಡಿಬಿಡಿ ಕೆಂಪು ಪಟ್ಟಿ ಕಸಿದುಕೊಂಡು ಓಡಿಯಾಗಿತ್ತು. ಅಜ್ಜಿ ಹೇಳುತ್ತಲೇ ಇದ್ದರು.

ಈಗ ಗಲಾಟೆ ಕೇಳಿ ಅವರೇ ಬಂದರು.

"ಏನ್ರೋ ಇದು? ಮರಕ್ಕೆ ಬಂದಿದ್ದೀರೋ, ಜಗಳಕ್ಕೋ?"

"ಅಜ್ಜಿ, ಮೊದಲು ಬಂದವಳು ನಾನು! ಈ ಕಡೆಯಿಂದ ನೋಡಿ... ಈ ಕೆಳಗಿನ ಕೊಂಬೆ ನೋಡಿ, ಹ್ಯಾಗೆ ಕೈ ಚಾಚಿದೆ! ಮರದ ಮುಖ ಇದೇ!"

"ಮುಖ ಆ ಕಡೆ ಅಲ್ಲ, ಈ ಕಡೆ," ಎಂದ ಅವನು ಮೆಲ್ಲಗೆ. "ಕಾಂಡದ ತಿರುವು ಇಲ್ಲಿಂದಲೇ ಕಾಣೋದು."

ಬೋನ್ಸಾಯ್‌ಗೆ ಒಂದು ಮುಖವಿರುತ್ತದೆ. ಎಲ್ಲಿಂದ ನೋಡಿದರೆ ಮರ ಚೆಂದವೋ ಅದೇ ಮುಖ. ಅದು ತಪ್ಪಿದರೆ ಮುಂದಿನದೆಲ್ಲ ತಪ್ಪು.

"ಇಬ್ಬರೂ ಕಾಂಡಕ್ಕೆ ಪಟ್ಟಿ ಕಟ್ಟಿ," ಅಜ್ಜಿ ತೀರ್ಪು ಕೊಟ್ಟರು. "ಎರಡು ವಾರ ಬಿಟ್ಟು ಅಗೆಯೋ ದಿನ ಬನ್ನಿ. ಬುಡ ಬಿಡಿಸಿ ನೋಡೋಣ. ಯಾರ ಮುಖ ಸರಿಯೋ ಅವರಿಗೆ ಮರ."

ಕೆಂಪು ಪಟ್ಟಿ, ಅದರ ಮೇಲೆ ನೀಲಿ ಪಟ್ಟಿ. ಗಡಿಬಿಡಿ ಮೂಗು ಮುರಿದು ಹೊರಟಳು.

*

ಒಂದು ವಾರ ಕಳೆಯುವಷ್ಟರಲ್ಲಿ ಅವಳಿಗೆ ತಡೆಯಲಾಗಲಿಲ್ಲ. 'ಮರ ಹೇಗಿದೆಯೋ ನೋಡಿ ಬರಬೇಕು, ಅಷ್ಟೇ!' ಎಂದು ತನಗೆ ತಾನೇ ಹೇಳಿಕೊಂಡಳು.

ಹೋದರೆ... ಅವನೂ ಅಲ್ಲೇ! ಕೈಯಲ್ಲೊಂದು ಅಳತೆ ಪಟ್ಟಿ.

"ನೀವ್ಯಾಕೆ ಬಂದ್ರಿ?"

"ಕುಂಡಕ್ಕೆ ಅಳತೆ ಬೇಕಿತ್ತು. ನೀವು?"

"ನಾನು... ಗಾಳಿಗೆ ಬಂದೆ!"

"ಇಷ್ಟು ದೂರ? ನಿಮ್ಮ ಕಡೆ ಗಾಳಿ ಬೀಸಲ್ವಾ?"

ನಗಬಾರದೆಂದುಕೊಂಡಳು. ನಗು ಕೇಳಲಿಲ್ಲ.

ಅವನು ಬೋನ್ಸಾಯ್ ಕುಂಡಗಳನ್ನು ಮಾಡುವವನು. ಉಗುರಿನ ಸಂದಿಯಲ್ಲಿ ಹೋಗದೆ ಉಳಿದ ಜೇಡಿಮಣ್ಣು, ಹೆಬ್ಬೆರಳಲ್ಲಿ ಒಲೆಯ ಸುಟ್ಟ ಗುರುತು. ಅವಳ ಕಣ್ಣು ಅಲ್ಲೇ ನಿಂತುಬಿಟ್ಟಿತು.

"ಇಷ್ಟು ವರ್ಷ ಬೇರೆಯವರ ಮರಗಳಿಗೇ ಕುಂಡ ಮಾಡ್ದೆ," ಎಂದ. "ಒಂದ್ಸಲ ನಂದೂ ಅಂತ ಒಂದು ಮರ ಇರ್ಲಿ ಅನ್ನಿಸ್ತು. ಆಸೆ ತಪ್ಪಾ?"

ಅವಳು ತನ್ನ ಮುದ್ದಿನ ಕೊಂಬೆಯನ್ನು ತೋರಿಸಿದಳು.

"ಇದನ್ನ ಮಾತ್ರ ಹುಷಾರಾಗಿ ನೋಡ್ಕೋಬೇಕು. ಪೈನ್ ಹಳೇ ಕಟ್ಟಿಗೆಯಲ್ಲಿ ಚಿಗುರಲ್ಲ. ಇದು ಹೋದ್ರೆ ಹೋದ ಹಾಗೇ, ಮತ್ತೆ ಬರಲ್ಲ. ನನ್ನ ಮುಖ ನಿಂತಿರೋದೇ ಇದರ ಮೇಲೆ."

"ಯುದ್ಧದ ಗುಟ್ಟನ್ನ ಶತ್ರುವಿಗೇ ಹೇಳ್ತಿದ್ದೀರಲ್ಲ!"

"ನೀವು ಶತ್ರುನಾ?"

ಅವನು ಅವಳನ್ನೇ ನೋಡಿದ, ಅಷ್ಟೇ. ಆ ನೋಟಕ್ಕೆ ಅವಳ ಕಿವಿಯ ತುದಿಯವರೆಗೂ ಬಿಸಿಯೇರಿತು.

ಅವನು ಹೋದ ಮೇಲೆ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. 'ಮುಂದಿನ ಸಲ ಅವರು ಬಂದಾಗ ನನ್ನ ಪಟ್ಟಿ ದೂರದಿಂದಲೇ ಕಾಣಲಿ!' ಕಾಂಡದ ಕೆಂಪು ಪಟ್ಟಿಯನ್ನು ಬಿಚ್ಚಿ, ಆ ಕೊಂಬೆಯ ಬುಡಕ್ಕೆ ದೊಡ್ಡದಾಗಿ ಗಂಟು ಹಾಕಿ ಕಟ್ಟಿದಳು. ದಾರಿಯುದ್ದಕ್ಕೂ ಒಬ್ಬಳೇ ನಗುತ್ತ ಮನೆ ಸೇರಿದಳು.

*

ಅಗೆಯುವ ದಿನ ಬಂತು. ಗಡಿಬಿಡಿ ಹೊಲದೊಳಗೆ ಓಡೋಡಿ ಬಂದು... ಗಕ್ಕನೆ ನಿಂತಳು.

ಕೊಂಬೆ ಇರಲಿಲ್ಲ!

ಕೊಂಬೆಯಿದ್ದ ಜಾಗದಲ್ಲಿ ಬೆಳ್ಳಗಿನ ಗಾಯ. ಅದರ ಅಂಚಿನಲ್ಲಿ ಅಂಟು ಹನಿಗಟ್ಟಿತ್ತು. ಮರದ ಆ ಬದಿಯಲ್ಲಿ ನಿಂತಿದ್ದವನು ಅವನೇ.

'ಗುಟ್ಟು ಗೊತ್ತಿದ್ದದ್ದು ಇವರೊಬ್ಬರಿಗೇ! ನಾನೇ ಹೇಳಿದೆ... ನಾನೇ!'

"ಇಷ್ಟು ಕೀಳು ಅಂತ ಅಂದ್ಕೊಂಡಿರ್ಲಿಲ್ಲ ನಿಮ್ಮನ್ನ!" ಅವಳ ದನಿ ಒಡೆಯಿತು.

"ಏನು... ನಾನೂ ಈಗಷ್ಟೇ ಬಂದೆ, ನೋಡಿ ನಂಗೂ..."

"ಸುಳ್ಳು! ನನ್ನ ಮುಖ ಹೋದ್ರೆ ಮರ ನಿಮ್ಮದಾಗತ್ತಲ್ಲ! ಆ ಕೈ ನೋಡಿ ಎಂಥಾ ಒಳ್ಳೇ ಕೈ ಅಂದ್ಕೊಂಡಿದ್ದೆ ನಾನು... ಕೊಯ್ಯೋ ಕೈ ಅದು!"

ಅವನ ಮುಖ ಕಪ್ಪಿಟ್ಟಿತು. ಕಾಂಡದಿಂದ ನೀಲಿ ಪಟ್ಟಿಯನ್ನು ಬಿಚ್ಚಿ ಜೇಬಿಗೆ ತುರುಕಿಕೊಂಡು ಗೇಟಿನ ಕಡೆ ನಡೆದುಬಿಟ್ಟ.

ಅವಳು ಅಳುತ್ತ ಕುಸಿದು ಕುಳಿತಳು. ಅಷ್ಟರಲ್ಲಿ ಹೊಲದ ಆಳು ಗರಗಸದಣ್ಣ, ಕೊಯ್ದ ಕೊಂಬೆಗಳ ಹೊರೆ ಹೊತ್ತು ಆ ದಾರಿಯಲ್ಲೇ ಬಂದ. ಹೊರೆಯಲ್ಲಿ ಅವಳ ಕೊಂಬೆ! ಅದರ ಬುಡದಲ್ಲಿ ಇನ್ನೂ ಕೆಂಪು ಪಟ್ಟಿ.

"ಅಣ್ಣಾ... ಇದನ್ನ ಕೊಯ್ದೋರು ಯಾರು?"

"ನಾನೇ ಕಣಮ್ಮಾ, ನಿನ್ನೆ ಸಂಜೆ. ಕೊಂಬೆಗೆ ಪಟ್ಟಿ ಕಟ್ಟಿದ್ರಲ್ಲ ನೀವು?"

"ಅದಕ್ಕೆ?"

"ಕಾಂಡಕ್ಕೆ ಕಟ್ಟಿದ್ರೆ ಮರ ಬೇಕು ಅಂತ, ಕೊಂಬೆಗೆ ಕಟ್ಟಿದ್ರೆ ಕೊಂಬೆ ತೆಗೀರಿ ಅಂತ. ಅಜ್ಜಿ ಮೊದಲನೇ ದಿನಾನೇ ಎಲ್ರಿಗೂ ಹೇಳಿದ್ರಲ್ಲ!"

ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಅತ್ತೆ ದಿನಕ್ಕೊಮ್ಮೆ ಹೇಳುತ್ತಿದ್ದದ್ದು ಸುಮ್ಮನಲ್ಲ. ಸಂಭ್ರಮದಲ್ಲಿ ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡಿದ್ದಳು. ಆ ಕಲ್ಲನ್ನೇ ಎತ್ತಿ ಅವನ ಮೇಲೂ ಎಸೆದಿದ್ದಳು!

ಮರಕ್ಕಿಂತ ಮೊದಲು ಅವಳಿಗೆ ನೆನಪಾದದ್ದು ಅವನ ಮುಖ. ಎದ್ದು ಓಡಿದಳು. ಗೇಟಿನಾಚೆ ಅವನ ವ್ಯಾನು ಹೊರಡುವುದರಲ್ಲಿತ್ತು. ಅವಳು ನೇರವಾಗಿ ಅದರ ಮುಂದೆ ಹೋಗಿ ನಿಂತುಬಿಟ್ಟಳು!

"ಏನ್ರೀ ಇದು! ಸಾಯ್ತೀರಾ?" ಅವನು ಗಾಬರಿಯಿಂದ ಇಳಿದು ಬಂದ.

"ತಪ್ಪು ನಂದೇ! ಪಟ್ಟಿ ಕೊಂಬೆಗೆ ಕಟ್ಟಿದ್ದು ನಾನು. ನಿಮಗೆ ಕಾಣ್ಲಿ ಅಂತ ಕಟ್ದೆ... ಅಜ್ಜಿ ಮಾತು ಪೂರ್ತಿ ಕೇಳಿಸ್ಕೊಂಡಿರ್ಲಿಲ್ಲ. ಬಾಯಿಗೆ ಬಂದ ಹಾಗೆ ಅಂದೆ. ಕ್ಷಮಿಸಿ... ಕ್ಷಮಿಸದೇ ಇದ್ರೂ ಪರವಾಗಿಲ್ಲ, ಮರ ಮಾತ್ರ ಬಿಟ್ಟು ಹೋಗ್ಬೇಡಿ. ಅದು ನಿಮ್ಮದು."

ಅವನು ಕೈಚಾಚಿ ವ್ಯಾನಿನ ಎಂಜಿನ್ ಆರಿಸಿದ.

"ಬೈದಿದ್ದಕ್ಕೆ ಬೇಜಾರಿಲ್ಲ," ಎಂದ. "ಒಂದು ಮಾತು ಕೇಳ್ಬಹುದಿತ್ತು ನನ್ನನ್ನ. ಕೇಳ್ಲೇ ಇಲ್ವಲ್ಲ ನೀವು."

ಅವಳ ಕಣ್ಣೀರು ಧಾರಾಳವಾಗಿ ಹರಿಯಿತು.

"ಇನ್ಮೇಲೆ ಕೇಳ್ತೀನಿ," ಎಂದಳು ಬಿಕ್ಕುತ್ತ. "ಮೊದಲು ಕೇಳ್ತೀನಿ, ಆಮೇಲೆ ಬೈತೀನಿ."

ಅವನು ತಡೆದರೂ ನಗು ಬಂದುಬಿಟ್ಟಿತು.

*

ಕಡ್ಡಿಯಜ್ಜಿ ಬುಡದ ಮಣ್ಣನ್ನೆಲ್ಲ ಬಿಡಿಸಿದರು. ಬೇರುಗಳು ಸುತ್ತಲೂ ಸಮನಾಗಿ ಹರಡಿಕೊಂಡಿದ್ದವು, ನೆಲವನ್ನು ಅಪ್ಪಿ ಹಿಡಿದಂತೆ. ಗಡಿಬಿಡಿಗೆ ಕುಣಿಯುವಷ್ಟು ಖುಷಿ! ಮೊದಲ ಸಲ ಅವಳು ಆ ಬದಿಗೆ ಹೋಗಿ, ಅವನ ಜಾಗದಲ್ಲಿ ಮಲಗಿ ನೋಡಿದಳು. ಅಲ್ಲಿಂದ ಗಾಯ ಕಾಣುತ್ತಿರಲಿಲ್ಲ. ಕಾಂಡ ಬುಡದಿಂದ ಬಳುಕಿ, ತಿರುಗಿ, ಸಣ್ಣಗಾಗುತ್ತ ಮೇಲೇರಿತ್ತು.

"ನಿಮ್ಮ ಮುಖವೇ ಸರಿ," ಎಂದಳು. ಕತ್ತರಿ ಇನ್ನು ಕನಸೇ. "ಕೊಂಬೆ ಇದ್ದಿದ್ರೂ ನಿಮ್ಮದೇ ಸರಿ. ಮರ ತಗೊಂಡು ಹೋಗಿ."

"ಎಲ್ಲಿಗೆ?" ಎಂದ ಅವನು. "ನಂಗೆ ಮಣ್ಣು ಸುಡೋದು ಗೊತ್ತು. ಬೇರು ಉಳಿಸೋದು ಗೊತ್ತಿಲ್ಲ. ಇದು ನಿಮ್ಮತ್ತೆ ತೋಟಕ್ಕೆ ಹೋಗ್ಲಿ. ನೀವು ನೋಡ್ಕೊಳ್ಳಿ, ಕುಂಡ ನಾನು ಮಾಡ್ತೀನಿ. ಮರ ಇಬ್ಬರದೂ."

"ದಾನ ಬೇಡ ನಂಗೆ!"

"ದಾನ ಅಲ್ರೀ, ಸ್ವಾರ್ಥ."

"ಬೇಗ ತೀರ್ಮಾನ ಮಾಡಿ," ಅಜ್ಜಿ ಗದರಿದರು. "ಬೇರು ಒಣಗ್ತಿದೆ. ನಿಮ್ಮ ಸಂಸಾರದ ಮಾತು ವ್ಯಾನಲ್ಲಿ ಆಡ್ಕೊಳ್ಳಿ!"

ಇಬ್ಬರೂ ಕೆಂಪಗಾದರು. ಒದ್ದೆ ಗೋಣಿಯಲ್ಲಿ ಬೇರು ಸುತ್ತಿಸಿಕೊಂಡು ಮರ ವ್ಯಾನು ಹತ್ತಿತು.

*

ಅತ್ತೆ ಮರದ ಸುತ್ತ ಬಂದಳು. ಗೋಣಿ ಸರಿಸಿ ಬುಡ ನೋಡಿದಳು. ಗಾಯ ನೋಡಿದಳು. ಪಕ್ಕದಲ್ಲಿ ನಿಂತ ಅಪರಿಚಿತನನ್ನೂ ನೋಡಿದಳು.

"ಮುಖ ಈ ಕಡೆ. ಯಾರು ಕಂಡುಹಿಡಿದಿದ್ದು?"

'ನಾನೇ ಎಂದರೆ ಕತ್ತರಿ ಸಿಗುತ್ತದೆ...' ಒಂದೇ ಗಳಿಗೆ. ತಲೆ ತಗ್ಗಿಸಿದಳು.

"ಇವರು, ಅತ್ತೆ. ನಾನು ಆರಿಸಿದ್ದ ಮುಖ ತಪ್ಪು. ಕೊಂಬೆ ಹೋಗಿದ್ದೂ ನನ್ನಿಂದಲೇ."

"ಹಾಗಾದ್ರೆ ನೀನು ಆರಿಸಿದ್ದೇನೇ?"

"ಇವರನ್ನ!"

ಹೇಳಿದ ಮೇಲೆ ಅವಳಿಗೇ ಕೇಳಿಸಿದ್ದು! ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅವನು ಮರದ ಪಕ್ಕ ನಿಂತಲ್ಲೇ ಕಲ್ಲಾದ.

ಅತ್ತೆ ಗಂಭೀರವಾಗಿ ಒಳಗೆ ಹೋದಳು. ಬರುವಾಗ ಕೈಯಲ್ಲಿ ಕತ್ತರಿ ಇತ್ತು.

"ಹಿಡಿ. ಅಷ್ಟು ದೊಡ್ಡ ಹೊಲದಲ್ಲಿ ಈ ಬುಡಕ್ಕೆ ಕೈ ಹಾಕಿದ್ದು ನೀನೇ ತಾನೆ? ಮರದ ಮುಖ ಈಗಲೂ ತಿರುಗಿಸ್ಕೋಬಹುದು, ಬುಡ ಬದಲಾಯಿಸೋಕಾಗಲ್ಲ. ತಪ್ಪನ್ನ ತಪ್ಪು ಅನ್ನೋದು ಎಲ್ರಿಗೂ ಬರಲ್ಲ." ಆಮೇಲೆ ಕಣ್ಣು ಕಿರಿದಾಗಿಸಿದಳು. "ಆದ್ರೆ ಅಗೆದ ಪೈನನ್ನ ಒಂದು ವರ್ಷ ಮುಟ್ಟೋ ಹಾಗಿಲ್ಲ. ಕತ್ತರಿ ಹಿಡ್ಕೊಂಡು ಸುಮ್ನೆ ಕೂತಿರು. ಗಡಿಬಿಡಿಗೆ ಅದಕ್ಕಿಂತ ದೊಡ್ಡ ಪಾಠ ಇಲ್ಲ!"

ಅತ್ತೆ ಬೇಕೆಂದೇ ಒಳಗೆ ಹೋಗಿ ಪಾತ್ರೆ ಸದ್ದು ಮಾಡತೊಡಗಿದಳು.

"ಅತ್ತೆ ಮುಂದೆ ಹೇಳಿದ್ದು..." ಅವನು ಹತ್ತಿರ ಬಂದ. "ನಿಜಾನಾ?"

"ಬಾಯಿ ತಪ್ಪಿ ಬಂತು."

"ಅಂದ್ರೆ ಸುಳ್ಳಾ?"

"ನಂಗೆ ಬಾಯಿ ತಪ್ಪಿದಾಗಲೇ ನಿಜ ಬರೋದು," ಎಂದಳು ನೆಲ ನೋಡುತ್ತ. "ನೀವಂದ್ರೆ ನಂಗೆ ತುಂಬಾ ಇಷ್ಟ. ಈಗ ನಿಮ್ಮ ಸರದಿ. ಕೇಳ್ತೀನಿ ಅಂದಿದ್ದೆನಲ್ಲ... ಕೇಳ್ತಿದ್ದೀನಿ."

ಅವನ ಕಣ್ಣು ತೇವವಾಯಿತು. ಮಣ್ಣು ಮೆತ್ತಿದ ಅವಳ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡ.

"ಅವತ್ತು ನೀವು ಪರಚಿದ ಗಳಿಗೆಯಿಂದ ನಿಮ್ಮನ್ನ ಪ್ರೀತಿಸ್ತಿದ್ದೀನಿ. ಸಾಕಾ?"

ಸಾಕು ಎಂದು ತಲೆಯಾಡಿಸಿದಳು. ಹೃದಯ ಮಾತ್ರ ಸಾಕೆನ್ನಲಿಲ್ಲ.

"ಕುಂಡ ಯಾವಾಗ ಆಗತ್ತೆ?"

"ಮರ ತಯಾರಾದಾಗ. ನಾಲ್ಕೈದು ವರ್ಷ."

"ಅಲ್ಲೀವರೆಗೆ ಬರಲ್ವಾ?"

"ಅಳತೆ ತಗೊಳ್ಳೋಕೆ ಬರ್ಬೇಕಲ್ಲ."

"ಎಷ್ಟು ದಿನಕ್ಕೊಂದ್ಸಲ?"

"ದಿನಾ."

"ಕಾಂಡ ದಿನಾ ದಪ್ಪ ಆಗತ್ತೇನ್ರೀ?"

"ಇಲ್ಲ," ಎಂದ ಅವನು, ಕೈ ಬಿಡದೆ. "ಆದ್ರೂ ಬರ್ತೀನಿ."