ಆನೆಯ ತಲೆ ತೊಳೆದವರು ಯಾರು?

ಹೆಣದ ಮೇಲಿದ್ದ ಅಂಗಿಯ ಇಸ್ತ್ರಿ ಗೆರೆ ಕೂಡ ಮುರಿದಿರಲಿಲ್ಲ. ಒಳಗಿನ ಬನಿಯನ್ ಮಾತ್ರ ಹಿಂಡಿದರೆ ನೀರು ಸುರಿಯುವಷ್ಟು ಒದ್ದೆ.

ಅದನ್ನು ಮೊದಲು ಕಂಡವನು ಬೆಳಗೊಳದ ದ್ಯಾವಯ್ಯ. ಏಪ್ರಿಲ್ ತಿಂಗಳ ಭಾನುವಾರ, ಮಧ್ಯಾಹ್ನ ಎರಡೂವರೆ. ಎಮ್ಮೆಗೆ ನೀರು ಕುಡಿಸಲು ನಾಲೆಯ ಏರಿ ಹತ್ತಿದ್ದ. ಹೊಂಗೆ ಮರದ ಕೆಳಗೆ ಯಾರೋ ಮಲಗಿದ್ದರು.

"ಲೇ, ನೆಳ್ಳು ಆ ಕಡೀಕೆ ಓಯ್ತು. ಎದ್ದೇಳ್ಲಾ."

ಎದ್ದೇಳಲಿಲ್ಲ. ಎಡಗಣ್ಣಿನ ಪಕ್ಕ ಗಾಯ. ಕೈಯ ಹತ್ತಿರ ಅರ್ಧ ಖಾಲಿಯಾದ ಬ್ರಾಂದಿ ಬಾಟಲಿ.

ಸತ್ತವನು ಅಕ್ಕಿಹೆಬ್ಬಾಳಿನ ಚಿಕ್ಕಸ್ವಾಮಿ, ವಯಸ್ಸು ಮೂವತ್ತಾರು. ನಾಲೆಯ ಪಕ್ಕದ ಎತ್ತರದ ಗೋಡೆಯಾಚೆ ಇರುವ 'ಸಿರಿಲೋಕ'ದಲ್ಲಿ ಆರು ವರ್ಷದಿಂದ ಕೆಲಸ. ರಾಜ್ಯದ ಮೂಲೆಮೂಲೆಯಿಂದ ಜನ ಬಂದು ಕುಣಿದು ಹೋಗುವ ಮನರಂಜನಾ ಪಾರ್ಕು ಅದು. ಅಲ್ಲಿಗೆ ಬಂದವರೆಲ್ಲ ಚಿಕ್ಕಸ್ವಾಮಿಯ ಹೆಗಲ ಮೇಲೆ ಕೈಹಾಕಿ ಫೋಟೋ ತೆಗೆಸಿಕೊಂಡಿದ್ದಾರೆ. ಅವನ ಮುಖವನ್ನು ಒಬ್ಬರೂ ನೋಡಿಲ್ಲ. ಅವನು ಗಜ್ಜು. ಪಾರ್ಕಿನ ಗೊಂಬೆ ಆನೆ.

ಸಂಜೆ ನಾಲ್ಕಕ್ಕೆ ಪೊಲೀಸರು ದೇವರಾಜುವನ್ನು ಹಿಡಿದರು. ದಿನಾ ಚಿಕ್ಕಸ್ವಾಮಿಗೆ ಆನೆಯ ವೇಷ ತೊಡಿಸಿ ಕಟ್ಟುತ್ತಿದ್ದವನು ಅವನೇ. ಆ ಬೆಳಿಗ್ಗೆ ಇಬ್ಬರಿಗೂ ಜಗಳವಾಗಿತ್ತು. "ಇವತ್ತು ಸಾಯ್ತೀಯ ನೋಡ್ತಿರು" ಎಂದು ದೇವರಾಜು ಕೂಗಿದ್ದನ್ನು ಇಪ್ಪತ್ತು ಜನ ಕೇಳಿದ್ದರು. ಮಧ್ಯಾಹ್ನ ಅವನು ಹಿಂದಿನ ಗೇಟಿನಾಚೆ ಒಬ್ಬನೇ ಊಟಕ್ಕೆ ಹೋಗಿದ್ದ. ಅಷ್ಟು ಸಾಕಾಯಿತು. ಸೋಮವಾರ ಹನ್ನೊಂದಕ್ಕೆ ಶ್ರೀರಂಗಪಟ್ಟಣದ ಕೋರ್ಟಿಗೆ ಒಪ್ಪಿಸುವುದೆಂದು ತೀರ್ಮಾನವಾಯಿತು.

ಒಬ್ಬ ಸತ್ತ. ಇನ್ನೊಬ್ಬ ಜೈಲಿಗೆ. ಪಾರ್ಕು ಸೋಮವಾರ ಎಂದಿನಂತೆ ಹತ್ತಕ್ಕೆ ತೆರೆಯುತ್ತದೆ.

*

ಸೋಮವಾರ ಬೆಳಿಗ್ಗೆ ಆರಕ್ಕೆ ವೇಷದ ಕೋಣೆಯ ಬೀಗ ತೆಗೆದವಳು ಪುಟ್ಟಲಕ್ಷ್ಮಮ್ಮ. ಐವತ್ತೆರಡು ವರ್ಷ. ವೇಷಗಳನ್ನು ಒಗೆಯುವುದು, ಹೊಲಿಯುವುದು ಅವಳ ಕೆಲಸ. ಎಲ್ಲರಿಗೂ ಪುಟ್ಟಕ್ಕ.

ಒಳಗೆ ಕಾಲಿಟ್ಟವಳು ಅಲ್ಲೇ ನಿಂತಳು. ನೆಲದ ಮೇಲೆ ನೀರು. ಅಟ್ಟಣೆಯ ಮೇಲಿದ್ದ ಆನೆಯ ತಲೆಯಿಂದ ತೊಟ್ಟಿಕ್ಕುತ್ತಿತ್ತು. ಫಿನಾಯಿಲಿನ ಘಾಟು.

ಆನೆಯ ತಲೆಯನ್ನು ಯಾರೂ ತೊಳೆಯುವುದಿಲ್ಲ. ಮೈ ಒಗೆಯುತ್ತಾರೆ, ಕಾಲು ಒಗೆಯುತ್ತಾರೆ. ತಲೆಯೊಳಗೆ ದಪ್ಪ ಸ್ಪಂಜು. ಒಮ್ಮೆ ನೀರು ಕುಡಿದರೆ ನಾಲ್ಕು ದಿನ ಒಣಗದು, ಐದನೇ ದಿನ ಕೊಳೆತು ನಾರುತ್ತದೆ. ಸ್ಪಿರಿಟ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ ನೆರಳಿಗೆ ಇಡಬೇಕು. ಈ ಕೋಣೆಯಲ್ಲಿ ಒಂದು ವಾರ ದುಡಿದವರಿಗೂ ಅದು ಗೊತ್ತು. ದೇವರಾಜು ನಾಲ್ಕು ವರ್ಷ ದುಡಿದವನು.

ಅವಳು ತಲೆಯೊಳಗೆ ಕೈಯಿಟ್ಟಳು. ಎಡಗಡೆ, ಸಣ್ಣ ಫ್ಯಾನು ಕೂರಿಸಿದ್ದ ಕಡೆ, ಒಂದು ಬೋಲ್ಟು ಒಳಕ್ಕೆ ಚಾಚಿತ್ತು. ಸ್ಪಂಜನ್ನು ಬೆರಳಿನಿಂದ ಬಿಡಿಸಿದಳು. ಆಳದಲ್ಲಿ ಕಂದು ಬಣ್ಣದ ಕಲೆ.

ಅವಳು ಕೈ ಹಿಂದಕ್ಕೆಳೆದಳು. ಕನ್ನಡಿಯ ಪಕ್ಕದ ಮೊಳೆಯ ಕಡೆ ನೋಡಿದಳು. ಅಲ್ಲಿ ಚಿಕ್ಕಸ್ವಾಮಿಯ ಉಡಿದಾರ ನೇತಾಡುತ್ತಿತ್ತು. ಕಪ್ಪು ದಾರ, ಬೆಳ್ಳಿಯ ತಾಯಿತ.

"ಅಯ್ಯೋ ನನ್ನಪ್ಪ," ಎಂದಳು ಪುಟ್ಟಲಕ್ಷ್ಮಮ್ಮ. "ಇಲ್ಲೇ ಸತ್ತ್ಯೇನ್ಲಾ?"

ಅಳಲಿಲ್ಲ. ಏನನ್ನೂ ಮತ್ತೆ ಮುಟ್ಟಲಿಲ್ಲ. ಹೊರಬಂದು ಬೀಗ ಜಡಿದಳು. ಕೀಲಿಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

*

ಬೆಳಗೊಳದ ಡೇರಿಯ ಮುಂದೆ ದ್ಯಾವಯ್ಯ ಹಾಲಿನ ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದ.

"ದ್ಯಾವಣ್ಣ, ನೆನ್ನೆ ನೀನು ಕಂಡಿದ್ದನ್ನ ಕಂಡಂಗೇ ಯೋಳು," ಎಂದಳು ಪುಟ್ಟಲಕ್ಷ್ಮಮ್ಮ.

"ಪೊಲೀಸ್ರಿಗೆ ಯೋಳಿವ್ನಿ ಕಣಕ್ಕ. ಅವ್ರು ನನ್ ಎಸ್ರು ಬರ್ಕೊಂಡ್ರು, ಎಮ್ಮೆ ಯಾರ್ದು ಅಂತ ಕೇಳುದ್ರು. ಅಷ್ಟೇಯ."

"ಕುಡ್ದಿದ್ನಾ?"

"ಅಂಗಿ ಕುಡ್ದಿತ್ತು, ಅವ್ನು ಕುಡ್ದಿರ್ನಿಲ್ಲ." ಸಾಲಿನಲ್ಲಿದ್ದವರು ನಕ್ಕರು. ದ್ಯಾವಯ್ಯ ನಗಲಿಲ್ಲ. "ಬಗ್ಗಿ ಮೂಸಿದ್ನಲ್ಲ. ಕಾಲರಲ್ಲಿ ಬ್ರಾಂದಿ ನಾರ್ತಿತ್ತು, ಬಾಯಿ ನಾರ್ತಿರ್ನಿಲ್ಲ. ನಂಗೆ ಗೊತ್ತಾಗಕಿಲ್ವಾ ಅದು? ಬನೀನು ಒದ್ದೆ, ಮೈ ಒಲೆ ಇದ್ದಂಗಿತ್ತು. ಇನ್ನೊಂದ್ ಇಚಾರ ಐತೆ ಕಣಕ್ಕ. ಎಂಗಸ್ರ ಮುಂದೆ ಅನ್ಬಾರ್ದು."

"ನಾನು ಇಪ್ಪತ್ತು ಗಂಡಸ್ರ ಬೆವ್ರು ಒಗ್ಯೋಳು ಕಣಣ್ಣ. ಅನ್ನು."

"ಎತ್ವಾಗ ಪ್ಯಾಂಟು ಜಾರ್ತು. ಸೊಂಟ್ದಲ್ಲಿ ಉಡ್ದಾರ ಇರ್ನಿಲ್ಲ. ಅದೂ ಇಲ್ದಂಗೆ ಕಳ್ಸುದ್ರಲ್ಲ ಅಂತ ರಾತ್ರಿಯೆಲ್ಲ ಕಣ್ಮುಚ್ನಿಲ್ಲ ನಾನು."

ಪುಟ್ಟಲಕ್ಷ್ಮಮ್ಮ ಅವನ ಕ್ಯಾನನ್ನು ಹಿಂದಿನವನ ಕೈಗೆ ಕೊಟ್ಟಳು. "ಹಾಲು ಅವ್ನು ಹಾಕ್ತಾನೆ. ನಡಿ ನನ್ ಜೊತೆ."

*

ಎಂಟಕ್ಕೆ ಕಂಪನಿಯ ವ್ಯಾನು ಬಂತು. ಇಳಿದವರಲ್ಲಿ ಪಾಂಡವಪುರದ ಶ್ವೇತ ಇದ್ದಳು. ಮೈಕಿನಲ್ಲಿ ಮಾತಾಡುವ ಹುಡುಗಿ. ಕಣ್ಣು ಊದಿತ್ತು. ಪುಟ್ಟಲಕ್ಷ್ಮಮ್ಮ ಅವಳನ್ನು ಒಗೆಯುವ ಕಲ್ಲಿನ ಹಿಂದಕ್ಕೆ ಕರೆದೊಯ್ದಳು.

"ನೆನ್ನೆ ಮಜ್ಜಾನ ಮೈಕಲ್ಲಿ ಏನವ್ವ ಅಂದೆ?"

"ಏನಿಲ್ಲ ಪುಟ್ಟಕ್ಕ."

"ಊರ್ಗೇ ಕೇಳುಸ್ತು. 'ಗಜ್ಜು ಆಟ ಆಡಿ ಸುಸ್ತಾಗಿ ಮಲಗಿದೆ, ಎಲ್ಲರೂ ಚಪ್ಪಾಳೆ ತಟ್ಟಿ' ಅಂದೆ. ಹನ್ನೆರಡು ನಲವತ್ತು ಆಗಿತ್ತು, ಗಡಿಯಾರ ನೋಡಿವ್ನಿ. ನಾನು ಬಟ್ಟೆ ಹಿಂಡ್ತಾ ನಕ್ಬುಟ್ಟೆ ಕಣವ್ವ. ನಕ್ಬುಟ್ಟೆ."

ಶ್ವೇತ ಒಗೆಯುವ ಕಲ್ಲಿನ ಮೇಲೆ ಕುಳಿತಳು.

"ಮೆರವಣಿಗೆ ಬತ್ತಾ ಇತ್ತಕ್ಕ. ಗಜ್ಜು ಮುಂದ್ಗಡೆ ಗೇಟಿನ ಒಳ್ಗಿರೋ ಕೋಟೆ ಬಾಗ್ಲಲ್ಲಿ ದೊಪ್ ಅಂತ ಬಿತ್ತು. ಮ್ಯಾನೇಜರ್ ಚೈತನ್ಯ ಸಾರ್ ವಾಕಿಟಾಕೀಲಿ ಅಂದ್ರು, 'ತಲೆ ಯಾರೂ ತೆಗೀಬೇಡಿ, ಮಕ್ಕಳು ನೋಡ್ತಿದಾವೆ. ಶ್ವೇತ, ನಿದ್ದೆ ಅಂತ ಹೇಳು' ಅಂತ. ಮೆರವಣಿಗೆ ಮುಗಿಯೋಗಂಟ ಅಂಗೇ ಬುಟ್ರು. ಇಪ್ಪತ್ತೈದು ನಿಮ್ಷ." ಅವಳು ಮುಂಗೈ ಆಡಿಸಿ ತೋರಿಸಿದಳು. "ಸೊಂಡ್ಲು ಅಲ್ಲಾಡ್ತಿತ್ತಕ್ಕ. ಮಕ್ಕಳು ಅದನ್ನ ನೋಡಿ ನಗ್ತಿದ್ವು."

"ಇದನ್ನ ಪೊಲೀಸ್ರ ಮುಂದೆ ಅಂತೀಯಾ?"

"ಕೆಲ್ಸ ಓಯ್ತದೆ."

"ಓಯ್ತದೆ. ನಂದೂ ಓಯ್ತದೆ. ಹನ್ನೊಂದಕ್ಕೆ ದೇವರಾಜು ಓಯ್ತಾನೆ."

ಶ್ವೇತ ಎದ್ದು ನಲ್ಲಿ ತಿರುಗಿಸಿ ಮುಖ ತೊಳೆದುಕೊಂಡಳು.

*

ಒಂಬತ್ತಕ್ಕೆ ಹಾಜರಿ ಸಾಲು. ನೂರನಲವತ್ತು ಜನ ಹಿಂದಿನ ಅಂಗಳದಲ್ಲಿ ಹಳದಿ ಗೆರೆಗಳ ಮೇಲೆ ನಿಲ್ಲಬೇಕು. "ನಗುವೇ ನಮ್ಮ ಸಮವಸ್ತ್ರ" ಎಂದು ಮೂರು ಸಲ ಕೂಗಬೇಕು. ಪಾರ್ಕಿನ ನಿಯಮದ ಹಾಳೆಯಲ್ಲಿ ಗೊಂಬೆಯೊಳಗಿನವರಿಗೂ ಒಂದು ಸಾಲಿದೆ: ತಲೆಯೊಳಗೂ ನಗುತ್ತಿರಬೇಕು, ನಕ್ಕರೆ ನಡಿಗೆಯಲ್ಲಿ ಗೊತ್ತಾಗುತ್ತದೆ. ಹದಿನೆಂಟು ಕೆಜಿಯ ವೇಷ. ಇಪ್ಪತ್ತು ನಿಮಿಷಕ್ಕೊಮ್ಮೆ ಬಿಡುವು ಎಂದು ಅದೇ ಹಾಳೆಯಲ್ಲಿದೆ. ಭಾನುವಾರ ಆ ಸಾಲನ್ನು ಯಾರೂ ಓದುವುದಿಲ್ಲ.

ಅಂಗಳದ ಬದಿಯಲ್ಲಿ ಪೊಲೀಸ್ ಜೀಪು ನಿಂತಿತ್ತು. ಹಿಂದಿನ ಸೀಟಿನಲ್ಲಿ ದೇವರಾಜು. ತಲೆ ತಗ್ಗಿಸಿದ್ದ. ಸಬ್ ಇನ್ಸ್‌ಪೆಕ್ಟರ್ ಮಹದೇವಸ್ವಾಮಿ ಒಂದು ಕಾಗದ ಹಿಡಿದು ನಿಂತಿದ್ದರು. ಪಕ್ಕದಲ್ಲಿ ಮ್ಯಾನೇಜರ್ ಚೈತನ್ಯ. ಇಸ್ತ್ರಿಯ ಅಂಗಿ, ಸೊಂಟದಲ್ಲಿ ವಾಕಿಟಾಕಿ.

"ಚಿಕ್ಕಸ್ವಾಮಿ ನಮ್ಮ ಕುಟುಂಬದವನು," ಎಂದ ಚೈತನ್ಯ. "ಹನ್ನೆರಡಕ್ಕೆ ಕೆಲಸ ಮುಗಿಸಿ ಹೊರಗೆ ಹೋದ. ಆಮೇಲೆ ಆದದ್ದಕ್ಕೂ ನಮಗೂ ಸಂಬಂಧ ಇಲ್ಲ. ದೇವರಾಜು ಬೆದರಿಕೆ ಹಾಕಿದ್ದನ್ನ ಕೇಳಿದವರು ಬಂದು ಸಹಿ ಮಾಡಿ. ಬೇಗ. ಹತ್ತಕ್ಕೆ ಗೇಟು."

ಪುಟ್ಟಲಕ್ಷ್ಮಮ್ಮ ಹಳದಿ ಗೆರೆ ದಾಟಿದಳು.

"ಬನ್ನಿ ಲಕ್ಷ್ಮಮ್ಮ, ನೀವೇ ಮೊದಲು."

"ಸಹಿ ಹಾಕಕೆ ಬಂದಿಲ್ಲ. ಸಾ," ಎಂದು ಅವಳು ಮಹದೇವಸ್ವಾಮಿಯ ಕಡೆ ತಿರುಗಿದಳು, "ನೀವು ಉಡ್ದಾರ ಕಟ್ತೀರಾ?"

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಇನ್ಸ್‌ಪೆಕ್ಟರರ ಕೈ ಅವರಿಗೇ ಗೊತ್ತಿಲ್ಲದೆ ಬೆಲ್ಟಿನ ಹತ್ತಿರ ಹೋಯಿತು.

"ಏನಮ್ಮ ಇದು?"

"ಸ್ನಾನ ಮಾಡ್ವಾಗ ತಗೀತೀರಾ?"

"ಯಾರಾದ್ರೂ ತೆಗೀತಾರಾ ಅದನ್ನ?"

"ನಮ್ ಗಜ್ಜು ತಗೀತಿದ್ದ. ಆನೆ ಹೊಟ್ಟೆಗೆ ಒಳ್ಗಡೆ ಬಳೆ ಐತೆ ಸಾ, ಸೊಂಟಕ್ಕೆ ಬಿಗೀತಾರೆ. ದಾರ ಇದ್ರೆ ಚರ್ಮ ಕುಯ್ತದೆ. ಮೈಮೇಲೆ ಒಂದೆಳೆ ದಾರ ಇರಕೂಡ್ದು ಅಂತ ಈ ಸಾಯೇಬ್ರದ್ದೇ ಆರ್ಡರು. ಅದ್ಕೆ ದಿನಾ ಮೊಳೆಗೆ ನೇತಾಕೋನು. ವೇಷ ಬಿಚ್ದಾಗ ಕೈಬೆರಳು ಮಡಚಕ್ಕೇ ಬರ್ತಿರ್ನಿಲ್ಲ. ಅಂಗಿಗಿಂತ ಮುಂಚೆ ಉಡ್ದಾರ ಕಟ್ತಿದ್ದೋನು ಯಾರು ಗೊತ್ತಾ? ಆ ಜೀಪಲ್ಲಿ ಕುಂತವ್ನಲ್ಲ, ಅವ್ನು."

ದೇವರಾಜು ತಲೆ ಎತ್ತಿದ.

"ಹೆಣದ ಸೊಂಟ್ದಲ್ಲಿ ಉಡ್ದಾರ ಇರ್ನಿಲ್ಲ. ದ್ಯಾವಣ್ಣ ನೋಡವ್ನೆ, ಇಲ್ಲೇ ಅವ್ನೆ, ಕೇಳಿ. ಅದು ಈಗ್ಲೂ ನನ್ ಕೋಣೆ ಮೊಳೇಲಿ ಐತೆ. ಚಿಕ್ಕಸ್ವಾಮಿ ಬದುಕಿದ್ದು ಹೊರಗೋಗಿದ್ರೆ, ಅದಿಲ್ದೆ ಓಯ್ತಿದ್ನಾ? ಅವ್ನು ವೇಷದೊಳ್ಗೇ ಸತ್ತ. ಸತ್ತ ಮ್ಯಾಲೆ ಯಾರೋ ಪ್ಯಾಂಟು ಏರ್ಸಿ ಅಂಗಿ ತೊಡಿಸವ್ರೆ. ಬನೀನು ಬದ್ಲಾಯಿಸ್ನಿಲ್ಲ, ಬೆವರು ಅಂಗೇ ಇತ್ತು. ಮೊಳೆ ಕಡೆ ನೋಡ್ನೂ ಇಲ್ಲ. ದೇವರಾಜು ಆಗಿದ್ರೆ ಮೊದ್ಲು ಅದನ್ನೇ ಕಟ್ಟೋನು."

"ಕಥೆ," ಎಂದ ಚೈತನ್ಯ. "ಜಗಳ ಆಡಿದ್ದು ಸುಳ್ಳಾ?"

ಜೀಪಿನೊಳಗಿಂದ ದೇವರಾಜು ಕೂಗಿದ. "ಅವ್ನಿಗೆ ಜ್ವರ ಇತ್ತು ಸಾ! ಹಾಕ್ಕೋಬೇಡ, ಸಾಯ್ತೀಯ ಅಂದೆ. ನಾನು ಕಟ್ಟಕಿಲ್ಲ ಅಂದಿದ್ಕೆ ಇವ್ರೇ ನನ್ನ ನೀರಿನ ಕೊಳದ ಕೆಲ್ಸಕ್ಕೆ ಓಡುಸುದ್ರು. ಭಾನ್ವಾರ ಆನೆ ಇಲ್ದೆ ಆಗಲ್ಲ ಅಂದ್ರು!"

ಮಹದೇವಸ್ವಾಮಿ ಕಾಗದವನ್ನು ಮಡಚಿದರು. "ಮುಂದೆ ಹೇಳಮ್ಮ."

"ಆನೆ ತಲೆ ಯಾರೋ ತೊಳ್ದವ್ರೆ. ನಾವ್ಯಾರೂ ತೊಳ್ಯಕಿಲ್ಲ, ಕೇಳಿ ನೋಡಿ."

ಮಹದೇವಸ್ವಾಮಿ ಸಾಲಿನ ಕಡೆ ನೋಡಿದರು. ಹತ್ತಾರು ತಲೆಗಳು ಅಡ್ಡಡ್ಡ ಆಡಿದವು.

"ಬಿದ್ದಾಗ ಫ್ಯಾನಿನ ಬೋಲ್ಟು ಕಣ್ಣಿನ ಪಕ್ಕ ಹೊಡ್ದದೆ. ರಕ್ತ ಹೋಗ್ಲಿ ಅಂತ ಫಿನಾಯ್ಲು ಸುರ್ದವ್ರೆ. ಸ್ಪಂಜಿನೊಳ್ಗೆ ಇನ್ನೂ ಐತೆ. ಬೀಗ ಹಾಕಿವ್ನಿ, ನಾನು ಮುಟ್ನಿಲ್ಲ. ಭಾನ್ವಾರ ಒಂದು ಗಂಟೇಲಿ ವೇಷದ ಕೋಣೆಗೆ ಜಿರಳೆ ಔಷಧಿ ಹೊಡೀತಾರೆ, ಮನೆಗೆ ನಡೀರಿ ಅಂತ ನಮ್ಮನ್ನ ಕಳಿಸಿದ್ದು ಯಾರು? ಹನ್ನೆರಡು ವರ್ಷದಲ್ಲಿ ಒಂದ್ ಭಾನ್ವಾರನೂ ಆರಕ್ಕಿಂತ ಮುಂಚೆ ಬುಟ್ಟಿಲ್ಲ ನಮ್ಮನ್ನ. ಅವ್ನು ಅಂಗಿ ಪ್ಯಾಂಟು ಇಡ್ತಿದ್ದ ಪೆಟ್ಟಿಗೆ ಬೀಗ ಒಡೆದಿಲ್ಲ. ಚಿಕ್ಕಸ್ವಾಮಿ ಬಿಟ್ರೆ ಅದರ ಕೀಲಿಕೈ ಯಾರ ಹತ್ರ ಐತೆ, ಚೈತನ್ಯ ಸಾ?"

ಚೈತನ್ಯ ನಕ್ಕ. ಅಭ್ಯಾಸದ ನಗು. "ಹನ್ನೆರಡರ ಮೇಲೆ ಆನೆ ಹೊರಗೇ ಬಂದಿಲ್ಲ ಇನ್ಸ್‌ಪೆಕ್ಟರ್. ಈಯಮ್ಮ ಒಗೆಯೋ ಮನೆಯಲ್ಲಿ ಕೂತು ಏನು ನೋಡಿದಾಳೆ?"

"ಬಂದಿತ್ತು."

ಹಿಂದಿನ ಸಾಲಿನಿಂದ ಬಂದ ದನಿ. ಎಲ್ಲರೂ ದಿನಾ ಕೇಳುವ ದನಿ. ಇವತ್ತು ಮೈಕಿರಲಿಲ್ಲ. ಶ್ವೇತ ಮುಂದೆ ಬಂದಳು.

"ಹನ್ನೆರಡು ನಲವತ್ತಕ್ಕೆ ಬಿತ್ತು. ನಿದ್ದೆ ಅಂತ ನನ್ನ ಬಾಯಲ್ಲಿ ಹೇಳ್ಸಿದ್ದು ನೀವು. ತಲೆ ತೆಗೀಬೇಡಿ ಅಂದಿದ್ದೂ ನೀವು. ಉಸ್ರು ಇತ್ತು ಸಾರ್ ಆಗ."

ಹಿಂದಿನ ಗೇಟಿನ ಕಾವಲುಗಾರ ತಮ್ಮಯ್ಯ ಟೋಪಿ ತೆಗೆದು ಕೈಯಲ್ಲಿ ಹಿಡಿದ.

"ಗೇಟು ತಗ್ದೋನು ನಾನೇ ಸಾ. ಒಂದೂವರೆ ಆಗಿತ್ತು. ಕಸದ ಟ್ರಾಕ್ಟರು. ಮೈಸೂರಿಂದ ಭಾನ್ವಾರಕ್ಕೆ ಬರೋ ಬೌನ್ಸರು ಇಬ್ರು ಹಿಂದೆ ಕುಂತಿದ್ರು, ತಾಡಪಾಲು ಹೊಚ್ಚಿತ್ತು. ಓಡುಸ್ತಿದ್ದೋರು ಮ್ಯಾನೇಜರ್ ಸಾಯೇಬ್ರೇ. ಗೇರು ಹಾಕಕ್ಕೆ ಬರ್ದೆ ಎಳ್ಡು ಸಲ ಆಫಾಯ್ತು."

ಮಹದೇವಸ್ವಾಮಿಯ ಮುಖ ಕೆಂಪಾಯಿತು. "ನಿನ್ನೆ ಯಾಕೋ ಹೇಳ್ಲಿಲ್ಲ ಇದನ್ನ?"

"ನೀವು ದೇವರಾಜು ಓಗಿದ್ನಾ ಅಂತ ಮಾತ್ರ ಕೇಳುದ್ರಿ ಸಾ. ಕಸದ ಇಚಾರ ಕೇಳ್ನಿಲ್ಲ."

ಚೈತನ್ಯನ ನಗು ಈಗ ಇರಲಿಲ್ಲ. "ನಾನು ಕೊಂದಿಲ್ಲ," ಎಂದ. "ನಾಲ್ಕು ಸಾವಿರ ಜನ ಇದ್ರು ಇನ್ಸ್‌ಪೆಕ್ಟರ್. ಮಕ್ಕಳ ಎದುರಿಗೆ ಆನೆಯ ತಲೆ ಕಿತ್ತು ಒಳಗಿಂದ ಒಬ್ಬ ಮನುಷ್ಯನ್ನ ತೆಗೆದರೆ, ಪಾರ್ಕಿನ ಗತಿ ಏನು? ಪಾಪು ಒಂದು ಕಿರುಚಿದ್ರೂ ಸಾಕು, ಊರೆಲ್ಲ ವೀಡಿಯೋ."

"ಒಳ್ಗೆ ಮನ್ಸ ಅವ್ನೆ ಅಂತ ಮಕ್ಕಳಿಗೆ ಗೊತ್ತಾಗ್ಬಾರ್ದು," ಎಂದಳು ಪುಟ್ಟಲಕ್ಷ್ಮಮ್ಮ ನಿಧಾನವಾಗಿ. "ನೀವೂ ಮರ್ತ್ಬುಟ್ರಲ್ಲ ಸಾ."

ಕೋಣೆಯ ಬೀಗ ತೆಗೆದರು. ತಲೆಯನ್ನೂ ಉಡಿದಾರವನ್ನೂ ಮಹಜರು ಮಾಡಿ ಕಟ್ಟಿದರು. ಆಸ್ಪತ್ರೆಯಿಂದ ಫೋನು ಬಂತು: ಹೊಟ್ಟೆಯಲ್ಲಿ ಮದ್ಯವಿಲ್ಲ, ಗಾಯದಿಂದ ಸತ್ತದ್ದಲ್ಲ, ಮೈಯ ಕಾವು ಏರಿ ಸತ್ತದ್ದು. ಬೇಗ ಬಿಚ್ಚಿ ನೀರು ಹಾಕಿದ್ದರೆ ಉಳಿಯುತ್ತಿದ್ದನೋ ಏನೋ. ಬೌನ್ಸರುಗಳನ್ನು ಹಿಡಿಯಲು ಮೈಸೂರಿಗೆ ಸುದ್ದಿ ಹೋಯಿತು. ಜೀಪಿನ ಹಿಂದಿನ ಸೀಟಿನಿಂದ ದೇವರಾಜು ಇಳಿದ. ಚೈತನ್ಯ ಹತ್ತಿದ.

*

ಹತ್ತು ಗಂಟೆ. ಮುಂದಿನ ಗೇಟಿನಲ್ಲಿ ಬೇಸಿಗೆ ರಜೆಯ ಜನ ತುಂಬಿದ್ದರು. ಬೆಂಗಳೂರಿನ ಕಚೇರಿಯಿಂದ ಫೋನಿನ ಮೇಲೆ ಫೋನು: ಗೇಟು ತೆರೆಯಿರಿ, ಎರಡನೇ ಆನೆಯ ವೇಷ ಇದೆಯಲ್ಲ, ಯಾರಿಗಾದರೂ ಹಾಕಿ. ಪುಟ್ಟಲಕ್ಷ್ಮಮ್ಮ ಫೋನನ್ನು ಕಿವಿಯಿಂದ ದೂರ ಹಿಡಿದು, "ನೀವೇ ಬಂದು ಹಾಕ್ಕಳಿ ಸಾ, ನಾನು ಕಟ್ತೀನಿ," ಎಂದು ಇಟ್ಟಳು.

ನೂರನಲವತ್ತು ಜನ ಗೇಟಿನ ಅಡ್ಡಕ್ಕೆ ನೆಲದ ಮೇಲೆ ಕುಳಿತರು. ಕರಡಿಯೊಳಗಿನವನು, ಮೊಲದೊಳಗಿನವಳು, ಕೊಳದ ಸೀಟಿ ಊದುವವನು. ಟೋಪಿ ಇಲ್ಲ, ವೇಷ ಇಲ್ಲ. ನಗಲೂ ಇಲ್ಲ.

ಸಾಲಿನ ಮುಂದಿದ್ದ ಒಬ್ಬ ಅಪ್ಪ ಹೆಗಲ ಮೇಲೆ ಮಗಳನ್ನು ಕೂರಿಸಿಕೊಂಡಿದ್ದ. "ಏನ್ರೀ ಇದು? ನಮ್ಮ ಪಾಪು ಆನೆ ನೋಡ್ಬೇಕು ಅಂತ ನಾಗಮಂಗಲದಿಂದ ಬಂದಿದೀವಿ. ಆನೆ ಎಲ್ಲಿ?"

ದೇವರಾಜು ಎದ್ದು ನಿಂತ. ಠಾಣೆಯಲ್ಲಿ ಒಂದು ರಾತ್ರಿ ತಿಂದ ಏಟಿಗೆ ತುಟಿ ಊದಿತ್ತು.

"ಆನೆ ಸತ್ತೋಯ್ತು ಕಣಣ್ಣ. ಅವ್ನ ಎಸ್ರು ಚಿಕ್ಕಸ್ವಾಮಿ. ಇಲ್ಲೇ, ಇಪ್ಪತ್ತೈದು ನಿಮ್ಷ ಬಿದ್ದಿದ್ದ. ಯಾರೂ ತಲೆ ತಗೀನಿಲ್ಲ."

ಆ ಅಪ್ಪ ಗೇಟಿನಾಚೆಯ ಕೋಟೆ ಬಾಗಿಲನ್ನೂ ಕುಳಿತವರ ಮುಖಗಳನ್ನೂ ನೋಡಿದ. ಹಿಂದಿನಿಂದ ಯಾರೋ, "ಟಿಕೆಟ್ ಕೊಡ್ತಾರಾ ಇಲ್ವಾ?" ಎಂದು ಕೂಗಿದರು.

ಅವನು ಮಗಳನ್ನು ಹೆಗಲಿಂದ ಇಳಿಸಿದ.

"ಯಾವೂರ್ನೋರು?" ಎಂದು ಕೇಳಿದ.

"ಅಕ್ಕಿಹೆಬ್ಬಾಳು," ಎಂದ ದೇವರಾಜು.

ಅಪ್ಪ ಚಪ್ಪಲಿ ಬಿಟ್ಟು, ಮಗಳ ಕೈ ಹಿಡಿದುಕೊಂಡೇ, ಕರಡಿಯೊಳಗಿನವನ ಪಕ್ಕ ಕುಳಿತ.