ಕೋಟೆ ಬಾಗಿಲ ಕಾವಲುಗಾರ

ಹಾರ್ಡ್ ಡಿಸ್ಕ್ ಮೀನಿನ ತೊಟ್ಟಿಯ ತಳದಲ್ಲಿ ಬಿದ್ದಿತ್ತು.

ಅಂಗೈಯಗಲದ ಕಪ್ಪು ಪೆಟ್ಟಿಗೆ. ಅದರ ತಂತಿ ನೀರಿನಲ್ಲಿ ಬಾಲದಂತೆ ತೂಗಾಡುತ್ತಿತ್ತು. ಇನ್ಸ್‌ಪೆಕ್ಟರಮ್ಮ ಕನ್ನಡಕ ಮೇಲೇರಿಸಿಕೊಂಡು ಬಗ್ಗಿ ನೋಡಿದರು. ತೊಟ್ಟಿಯಲ್ಲಿ ಬೆಣಚುಕಲ್ಲು, ಪಾಚಿ, ಪ್ಲಾಸ್ಟಿಕ್ಕಿನ ಪುಟ್ಟ ಸೇತುವೆ ಎಲ್ಲ ಇದ್ದವು. ಮೀನು ಮಾತ್ರ ಇರಲಿಲ್ಲ.

"ಮೀನುಗಳೆಲ್ಲಿ?"

"ಅಲ್ಲಿ." ಮನೆಯಾಕೆ ಕಿಟಕಿಯ ಕಡೆ ಕೈ ತೋರಿಸಿದಳು. ಕಟ್ಟೆಯ ಮೇಲೆ ಗಾಜಿನ ಭರಣಿ. ಅದರೊಳಗೆ ಕಿತ್ತಳೆ ಬಣ್ಣದ ಮೀನುಗಳು ಸುತ್ತು ಹೊಡೆಯುತ್ತಿದ್ದವು. "ನಾನು ಹಾಕಿದ್ದಲ್ಲ. ನಿನ್ನೆ ಸಂಜೆ ಶಾಲೆಯಿಂದ ಬಂದಾಗ ಎಲ್ಲ ಹೀಗೇ ಇತ್ತು. ನಾನು ಯಾವುದನ್ನೂ ಮುಟ್ಟಿಲ್ಲ."

ಭರಣಿಯ ಮೇಲೆ ಯಾರೋ ತೆಳು ಬಟ್ಟೆ ಹೊದಿಸಿದ್ದರು, ಮೀನು ಹೊರಗೆ ಹಾರದ ಹಾಗೆ. ಬಿಸಿಲು ನೇರ ಬೀಳದಂತೆ ಪರದೆಯನ್ನೂ ಅರ್ಧ ಎಳೆದಿದ್ದರು. ಇನ್ಸ್‌ಪೆಕ್ಟರಮ್ಮ ಆ ಪರದೆಯನ್ನು ಬಹಳ ಹೊತ್ತು ನೋಡಿದರು.

ಮನೆಯಾಕೆ ಚಿತ್ರಕಲೆಯ ಟೀಚರ್. ಬಂದುಹೋಗುವವರಿಗೆಲ್ಲ ಅತ್ತಿಗೆ. ಗಂಡ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಪೆಟ್ಟಿಗೆಯಲ್ಲಿದ್ದದ್ದು ಅವನು ಶುರು ಮಾಡಿದ್ದ ಸಿನಿಮಾ. ನಟರಿಲ್ಲದ, ಸೆಟ್ಟಿಲ್ಲದ ಸಿನಿಮಾ. ಕೋಟೆ, ಕುದುರೆ, ರಾಜರಿರುವ ಒಂದು ಹಳೇ ಕಂಪ್ಯೂಟರ್ ಆಟ. ಅದರ ಅಭಿಮಾನಿಗಳು ಕೆಲವರು ಸೇರಿ, ಆಟದ ಬೊಂಬೆಗಳನ್ನೇ ಕುಣಿಸಿ, ತಮ್ಮ ದನಿ ಕೂಡಿಸಿ ತೆಗೆದದ್ದು. ರಾಜನ ದನಿ ಅತ್ತಿಗೆಯ ಗಂಡನದು. ಪ್ರದರ್ಶನ ನಾಳೆ ಸಂಜೆ.

"ಮತ್ತೆ ತೆಗೆಯೋಕೆ ಆಗಲ್ವಾ?"

"ಎಲ್ಲಿ ತೆಗೀತೀರಿ? ಕಂಪನಿಯವರು ನಿನ್ನೆ ರಾತ್ರಿ ಆಟಾನೇ ಮುಚ್ಚಿಬಿಟ್ರು. ಈಗ ಕೋಟೇನೂ ಇಲ್ಲ, ಕುದುರೇನೂ ಇಲ್ಲ." ಅತ್ತಿಗೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಅದು ಹಾಳಾಗಿ ಹೋಗ್ಲಿ. ಫೋಟೋ ಬೇಕಾದಷ್ಟಿವೆ. ಅವ್ರ ದನಿ ಇದ್ದದ್ದು ಅದೊಂದ್ರಲ್ಲೇ."

"ಇನ್ನೊಂದು ಕಾಪಿ?"

"ಹಿಂದೆ ಯಾರೋ ಅರ್ಧಂಬರ್ಧ ಸಿನಿಮಾನ ಮೊದಲೇ ಇಂಟರ್ನೆಟ್ಟಿಗೆ ಬಿಟ್ಬಿಟ್ರು, ಹೇಗೋ ತೆಗೆಸಿದ್ದಾಯ್ತು. ಅವತ್ತಿಂದ ಅವ್ರಿಗೆ ಒಂದೇ ಹಟ. ಎಲ್ಲ ಒಂದೇ ಪೆಟ್ಟಿಗೇಲಿರ್ಬೇಕು, ಇದೇ ಮನೇಲಿರ್ಬೇಕು."

ಇನ್ಸ್‌ಪೆಕ್ಟರಮ್ಮ ಮುಂಬಾಗಿಲ ಚಿಲಕ ಅಲ್ಲಾಡಿಸಿ ನೋಡಿದರು. "ಬೀಗ ಒಡೆದಿಲ್ಲ."

"ಹಾಕಿದ್ರೆ ತಾನೆ ಒಡೆಯೋದು? ನಾನು ಬಾಗಿಲು ಹಾಕಲ್ಲ."

"ಹಗಲೂ ಹಾಕಲ್ವಾ? ಶಾಲೆಗೆ ಹೋದಾಗಲೂ?"

ಅತ್ತಿಗೆ ಸ್ವಲ್ಪ ನಾಚಿದಳು. "ಸಿನಿಮಾದ ಕೊನೇ ಮಾತು ಅದು ಮೇಡಂ. ಯುದ್ಧಕ್ಕೆ ಹೊರಟ ರಾಜ ರಾಣಿಗೆ ಹೇಳ್ತಾನೆ, 'ಬಾಗಿಲು ಹಾಕಬೇಡ. ಕೊಂಚ ತಡವಾಗಿ ಬರಲಿದ್ದೇನೆ.' ಅದನ್ನ ಅವ್ರು ಆಸ್ಪತ್ರೆ ಹಾಸಿಗೆ ಮೇಲೆ ಹೇಳಿದ್ದು. ಅದೇ ಕೊನೆ, ಆಮೇಲೆ ಮಾತೇ ಆಡ್ಲಿಲ್ಲ ಅವ್ರು. ದಿನಾ ಬೆಳಿಗ್ಗೆ ಅದನ್ನ ಕೇಳಿಯೇ ನಾನು ಕೆಲಸಕ್ಕೆ ಹೋಗೋದು. ಬೇರೆ ಊರಿಗೆ ಬಡ್ತಿ ಬಂದಿತ್ತು, ಬೇಡ ಅಂದೆ. ಬಾಗಿಲು ಹಾಕ್ಬೇಕಾಗತ್ತಲ್ಲ."

"ಆಗ ಪಕ್ಕದಲ್ಲಿ ಯಾರಿದ್ರು?"

"ಗಂಟಲು ಇದ್ದ. ತಂಡದ ಹುಡುಗ, ಎಲ್ಲರೂ ಹಾಗೇ ಕರೆಯೋದು. ಮೈಕ್ ಹಿಡಿದು ಕೂತಿದ್ದ. ಪಾಪ, ದಿನಾ ಬರ್ತಿದ್ದ."

* * *

ತಂಡದಲ್ಲಿ ಉಳಿದವರು ಮೂವರು. ಮೂವರೂ ಬಂದು ಊಟದ ಮೇಜಿನ ಸುತ್ತ ಕೂತರು.

ಮೈದುನ, ಸತ್ತವನ ತಮ್ಮ. ಕನ್ನಡಕದ ಅಂಗಡಿ. ಇನ್ನೊಬ್ಬಳು ಹಲ್ಲಿನ ಲ್ಯಾಬಿನಲ್ಲಿ ಕಟ್ಟುಹಲ್ಲು ಮಾಡುವವಳು. ಆಟದೊಳಗೆ ಅವಳ ಬೊಂಬೆ ಯಾರಿಗೂ ಕಾಣದೆ ಓಡಾಡುತ್ತಾ ಚಿತ್ರ ಹಿಡಿಯುತ್ತಿತ್ತು, ಹಾಗಾಗಿ ಎಲ್ಲರೂ ಅವಳನ್ನು ಕ್ಯಾಮೆರಾ ಎಂದೇ ಕರೆಯುತ್ತಿದ್ದರು. ಮೂರನೆಯವನು ಗಂಟಲು, ಬಸ್ ನಿಲ್ದಾಣದಲ್ಲಿ ಬಸ್ಸು ಬರುವ ಹೋಗುವ ಸುದ್ದಿ ಕೂಗುವವನು.

"ಸೈನಿಕ, ಮಂತ್ರಿ, ಹಾಲು ಮಾರೋ ಮುದುಕಿ, ಎಲ್ಲ ಇವನೇ," ಎಂದ ಮೈದುನ. "ಒಂದು ಗಂಟಲಲ್ಲಿ ಒಂದು ಊರೇ ಇದೆ."

"ನಿನ್ನೆ ಮಧ್ಯಾಹ್ನ ಎಲ್ಲಿದ್ರಿ?" ಇನ್ಸ್‌ಪೆಕ್ಟರಮ್ಮ ನೇರ ಕೇಳಿದರು.

"ಬುರುಜಿನ ಮೇಲೆ," ಎಂದ ಮೈದುನ.

"ಕೋಟೆ ಬಾಗಿಲಲ್ಲಿ, ಕಾವಲು," ಎಂದ ಗಂಟಲು.

"ನಾನು ಮರದ ಮೇಲಿದ್ದೆ," ಎಂದಳು ಕ್ಯಾಮೆರಾ.

ಇನ್ಸ್‌ಪೆಕ್ಟರಮ್ಮ ಪೆನ್ನು ಕೆಳಗಿಟ್ಟರು. "ನಾನು ಕೇಳಿದ್ದು ನಿಮ್ಮ ಬೊಂಬೆಗಳನ್ನಲ್ಲ. ನಿಮ್ಮನ್ನ."

ಮೂವರೂ ತಬ್ಬಿಬ್ಬಾದರು. ಅವರವರ ಮನೆಯಲ್ಲಿ, ಅವರವರ ಕಂಪ್ಯೂಟರಿನ ಮುಂದೆ ಇದ್ದರಂತೆ. ಆಟ ಮುಚ್ಚುವ ಮೊದಲು ಕೊನೆಯ ದೃಶ್ಯವೊಂದು ಬಾಕಿಯಿತ್ತು, ಸೈನ್ಯ ಹೊರಡುವುದು. ಮಧ್ಯಾಹ್ನವೆಲ್ಲ ಅದನ್ನೇ ಮತ್ತೆ ಮತ್ತೆ ತೆಗೆದರು. ಮೂವರೂ ಅದರಲ್ಲಿದ್ದರು. ಮೂವರ ದನಿಯೂ ಇತ್ತು.

ಒಂದು ವಿಚಿತ್ರ ಇನ್ಸ್‌ಪೆಕ್ಟರಮ್ಮನ ಕಣ್ಣಿಗೆ ಬಿತ್ತು. ಮಾತಾಡುವಾಗ ಮೈದುನನೂ ಗಂಟಲೂ ತಲೆಯನ್ನು ಸಣ್ಣಗೆ ಕುಣಿಸುತ್ತಿದ್ದರು. ಮಾತು ನಿಂತರೆ ತಲೆಯೂ ನಿಲ್ಲುತ್ತಿತ್ತು.

"ಇಬ್ಬರಿಗೂ ಕತ್ತು ನೋವಾ?"

ಕ್ಯಾಮೆರಾ ಕಿಸಕ್ಕನೆ ನಕ್ಕಳು. "ಅದು ನಮ್ಮ ರೋಗ ಮೇಡಂ. ಆ ಬೊಂಬೆಗಳಿಗೆ ತುಟಿ ಅಲ್ಲಾಡಲ್ಲ. ಯಾರು ಮಾತಾಡ್ತಿದಾರೆ ಅಂತ ನೋಡೋರಿಗೆ ಗೊತ್ತಾಗ್ಬೇಕಲ್ಲ? ಅದಕ್ಕೆ ಮಾತಾಡೋ ಬೊಂಬೆ ತಲೆ ಕುಣಿಸ್ಬೇಕು. ಮೌಸಲ್ಲಿ. ಇವರಿಗೆ ಎಷ್ಟು ರೂಢಿಯಾಗಿದೆ ಅಂದ್ರೆ, ಮನೇಲಿ ಹೆಂಡತಿ ಹತ್ರ ಜಗಳ ಆಡುವಾಗಲೂ ಕುಣಿಸ್ತಾರೆ."

"ನನಗೆ ಮದುವೇನೇ ಆಗಿಲ್ಲ," ಎಂದ ಗಂಟಲು, ತಲೆ ಕುಣಿಸುತ್ತಾ.

ಯಾರೂ ನಗಲಿಲ್ಲ. ಎಲ್ಲರ ಕಣ್ಣೂ ತೊಟ್ಟಿಯ ಮೇಲಿತ್ತು. ಆಮೇಲೆ ಒಬ್ಬರ ಕಣ್ಣು ಇನ್ನೊಬ್ಬರ ಮೇಲೆ.

* * *

ಇನ್ಸ್‌ಪೆಕ್ಟರಮ್ಮ ಒಬ್ಬೊಬ್ಬರನ್ನೇ ಹಿತ್ತಲಿಗೆ ಕರೆದರು.

"ಅಣ್ಣನ ಜೊತೆ ಜಗಳ ಆಡಿದ್ರಂತೆ?"

ಮೈದುನನ ಮುಖ ಕೆಂಪಾಯಿತು. "ಯಾರು ಹೇಳಿದ್ದು? ಕ್ಯಾಮೆರಾನಾ? ಆಡಿದ್ದೆ. ರಾಜ ವಾಪಸ್ ಬರ್ಬೇಕು ಅಂತ ನಾನು. ಬರಬಾರದು ಅಂತ ಅವನು. ಕತೆ ವಿಷಯಕ್ಕೆ ಜಗಳ ಆಡಿದ್ರೆ ಸಿನಿಮಾನ ನೀರಿಗೆ ಹಾಕ್ತಾರಾ?"

"ಹಾಕಿರೋರನ್ನ ನೋಡಿದೀನಿ."

"ಹಾಕೋ ಹಾಗಿದ್ರೆ ಮೀನನ್ನ ಎತ್ತಿಡೋ ತಾಳ್ಮೆ ನನಗಿಲ್ಲ. ಅತ್ತಿಗೇನ ಕೇಳಿ. ನಾನು ಭರಣಿಯಿಂದ ಸಕ್ಕರೆ ತೆಗೆದ್ರೂ ಅರ್ಧ ನೆಲದ ಮೇಲೆ."

ಅದು ನಿಜವಿರಬಹುದು. ನಟನೆಯೂ ಇರಬಹುದು.

ಕ್ಯಾಮೆರಾಳ ಲ್ಯಾಪ್‌ಟಾಪಿನಲ್ಲಿ ನಿನ್ನೆಯ ಚಿತ್ರ ಹಾಗೇ ಇತ್ತು. ಪೆಟ್ಟಿಗೆಗೆ ಸೇರಿಸಲು ಅವಳು ಇವತ್ತು ಸಂಜೆ ಬರುವವಳಿದ್ದಳು. ಇನ್ಸ್‌ಪೆಕ್ಟರಮ್ಮ ನೋಡುತ್ತಾ ಹೋದರು. ಒಂದು ಕಡೆ ಚಿತ್ರ ಕದಲದೆ ನಿಂತುಬಿಟ್ಟಿತು. ಸೈನ್ಯ ಹೋಗಿ ಆಯಿತು, ಬರೀ ಧೂಳು, ಖಾಲಿ ದಾರಿ. ಆದರೂ ಕ್ಯಾಮೆರಾ ತಿರುಗಲಿಲ್ಲ.

"ಇಲ್ಲಿ ನೀವು ಎದ್ದು ಹೋಗಿದೀರಿ."

ಅವಳು ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡಳು.

"ಎಲ್ಲಿಗೆ?"

"ಪಕ್ಕದ ಕೋಣೆಗೆ."

"ಯಾಕೆ?"

"ಹೇಳ್ಬೇಕಾ?" ಅವಳು ದನಿ ತಗ್ಗಿಸಿದಳು. "ನಮ್ಮ ಮಾವನವರಿಗೆ ಕೈ ನಡುಗತ್ತೆ. ತಾವೇ ಉಣ್ತೀನಿ ಅಂತಾರೆ, ಚೆಲ್ಲಿಕೊಳ್ತಾರೆ. ನಾನು ಪಕ್ಕದಲ್ಲಿ ಕೂತು, ಟೀವಿ ನೋಡೋ ಹಾಗೆ ನಟಿಸ್ತಾ ತಟ್ಟೆ ಹಿಡ್ಕೋತೀನಿ. ನಾನು ಹಿಡ್ಕೊಂಡಿದೀನಿ ಅಂತ ಯಾರಿಗಾದ್ರೂ ಹೇಳಿದ್ದು ಗೊತ್ತಾದ್ರೆ ಅವರು ಮತ್ತೆ ಉಣ್ಣಲ್ಲ."

ಇನ್ಸ್‌ಪೆಕ್ಟರಮ್ಮ ಅದನ್ನು ಬರೆದುಕೊಳ್ಳಲಿಲ್ಲ. ಮುದುಕರನ್ನು ಫೋನಿನಲ್ಲಿ ನಿನ್ನೆಯ ಊಟ ಹೇಗಿತ್ತು ಎಂದಷ್ಟೇ ವಿಚಾರಿಸಿದರು. "ಸೊಸೆ ಟೀವಿ ನೋಡ್ತಾ ಕೂತಿದ್ಲು, ಕೆಲಸ ಬಿಟ್ಟು," ಎಂದು ಅವರು ದೂರಿದರು. ಅಷ್ಟು ಸಾಕಾಯಿತು.

ಅಡುಗೆಮನೆಯಲ್ಲಿ ಅತ್ತಿಗೆ ಎಲ್ಲರಿಗೂ ಟೀ ಸೋಸುತ್ತಿದ್ದಳು. ಮೀನುಗಳನ್ನು ಅಷ್ಟು ನಾಜೂಕಾಗಿ ಎತ್ತಿಡಲು ಅವಳಿಗಿಂತ ಚೆನ್ನಾಗಿ ಯಾರಿಗೆ ಬರುತ್ತದೆ?

"ನೀವು ನಿನ್ನೆ ಮಧ್ಯಾಹ್ನ ಶಾಲೆಯಿಂದ ಹೊರಗೆ ಹೋಗಿದ್ರಾ?"

ಅತ್ತಿಗೆ ಸೋಸುವುದನ್ನು ನಿಲ್ಲಿಸಿದಳು. "ನನ್ನ ಮೇಲೂ ಅನುಮಾನಾನಾ?"

"ಎಲ್ಲರ ಮೇಲೂ."

"ಮಕ್ಕಳ ಚಿತ್ರಗಳನ್ನ ಗೋಡೆಗೆ ಅಂಟಿಸ್ತಾ ಏಣಿ ಮೇಲಿದ್ದೆ. ಇಡೀ ತರಗತಿ ಕೆಳಗೆ ನಿಂತು ಏಣಿ ಹಿಡ್ಕೊಂಡಿತ್ತು. ಬೇಕಾದ್ರೆ ಕೇಳಿ." ಆದರೂ ಮೊದಲ ಲೋಟವನ್ನು ಇನ್ಸ್‌ಪೆಕ್ಟರಮ್ಮನ ಕೈಗೇ ಕೊಟ್ಟಳು.

ಶಾಲೆಯವರನ್ನು ಕೇಳಿದರು. ಏಣಿ ನಿಜ.

* * *

ಇನ್ಸ್‌ಪೆಕ್ಟರಮ್ಮ ನಿನ್ನೆಯ ಚಿತ್ರವನ್ನು ಎರಡನೇ ಸಲ ನೋಡಿದರು. ಈ ಸಲ ಓಡಾಡುವವರನ್ನು ನೋಡಲಿಲ್ಲ. ನಿಂತವನನ್ನು ನೋಡಿದರು. ಆಮೇಲೆ ಎಲ್ಲರನ್ನೂ ಕರೆದು ಲ್ಯಾಪ್‌ಟಾಪನ್ನು ಮೇಜಿನ ಮಧ್ಯ ತಿರುಗಿಸಿಟ್ಟರು.

ತೆರೆಯ ಮೇಲೆ ಕೋಟೆ. ಬುರುಜಿನ ಮೇಲೊಬ್ಬ, ಬಾಗಿಲಲ್ಲಿ ಈಟಿ ಹಿಡಿದ ಕಾವಲುಗಾರ. ದೃಶ್ಯಗಳ ನಡುವಿನ ಹರಟೆಯೂ ದಾಖಲಾಗಿತ್ತು. 'ಕುದುರೆ ಗೋಡೆಯೊಳಗೆ ನುಗ್ಗಿದೆ ಕಣೋ,' ಎಂದಿತು ಮೈದುನನ ದನಿ. ಬುರುಜಿನವನ ತಲೆ ಕುಣಿಯಿತು. 'ಮತ್ತೊಂದ್ಸಲ ತೆಗೀರಿ, ನಾನು ಇಲ್ಲೇ ಇದೀನಿ,' ಎಂದಿತು ಗಂಟಲಿನ ದನಿ.

ಕಾವಲುಗಾರ ಕಲ್ಲಿನಂತೆ ನಿಂತಿದ್ದ.

"ಅಯ್ಯೋ," ಎಂದಳು ಕ್ಯಾಮೆರಾ, ಮೆಲ್ಲಗೆ.

"ಮುಂದೆಯೂ ಹೀಗೇ," ಎಂದರು ಇನ್ಸ್‌ಪೆಕ್ಟರಮ್ಮ. "ನಗ್ತಾನೆ, ಹೂಂಗುಟ್ತಾನೆ, ಜೋಕ್ ಹೇಳ್ತಾನೆ. ತಲೆ ಮಾತ್ರ ಅಲ್ಲಾಡಲ್ಲ. ಊಟದ ಮೇಜಿನಲ್ಲೇ ತಲೆ ಕುಣಿಸೋ ಮನುಷ್ಯ, ಬೊಂಬೆಯ ತಲೆ ಕುಣಿಸೋದನ್ನ ಇಡೀ ಮಧ್ಯಾಹ್ನ ಮರೀತಾನಾ? ಮರೆತಿಲ್ಲ. ಕೈಯಲ್ಲಿ ಮೌಸೇ ಇರ್ಲಿಲ್ಲ. ಕಾವಲು ಕಾಯೋ ಬೊಂಬೇನ ನಿಲ್ಲಿಸಿ ಹೋದ್ರೆ ಅದು ಕಾವಲು ಕಾಯ್ತಾನೇ ಇರತ್ತೆ, ಯಾರಿಗೂ ಅನುಮಾನ ಬರಲ್ಲ. ದನಿ ಮೊಬೈಲಿಂದ. ಬೊಂಬೆ ಕೋಟೆ ಬಾಗಿಲಲ್ಲಿತ್ತು. ನೀವು ಈ ಮನೆ ಬಾಗಿಲಲ್ಲಿದ್ರಿ."

ಗಂಟಲು ಏನೋ ಹೇಳಲು ಬಾಯಿ ತೆರೆದ. ತಲೆ ಕುಣಿಯಿತು, ದನಿ ಹೊರಡಲಿಲ್ಲ.

ಮೈದುನ ಕುರ್ಚಿ ದಬ್ಬಿ ಎದ್ದ. "ಯಾಕೋ? ಅಣ್ಣ ನಿನ್ನನ್ನ ತಮ್ಮನ ಹಾಗೆ ನೋಡ್ಕೊಂಡ. ನನಗಿಂತ ಹೆಚ್ಚು!"

"ಕೂತ್ಕೊಳ್ಳಿ," ಎಂದರು ಇನ್ಸ್‌ಪೆಕ್ಟರಮ್ಮ. "ಯಾಕೆ ಅನ್ನೋದೇ ನನಗೂ ತೊಡಕಾಗಿತ್ತು. ದ್ವೇಷ ಇದ್ದವರು ಮೀನಿಗೆ ಪರದೆ ಎಳೆಯಲ್ಲ. ಆಮೇಲೆ ಆ ಕೊನೇ ಮಾತು ನೆನಪಾಯ್ತು. 'ತಡವಾಗಿ ಬರಲಿದ್ದೇನೆ.' ಗಂಡ ಹೆಂಡತಿಗೆ ಹಾಗಂತಾನಾ? ಬರ್ತೀನಿ ಅಂತಾನೆ. ರಾಜ ಆದ್ರೆ ಬರುತ್ತೇನೆ ಅಂತಾನೆ. ತಡವಾಗಿ ಬರಲಿರೋದು ಬಸ್ಸು."

ಅತ್ತಿಗೆ ಗೋಡೆಗೆ ಒರಗಿಕೊಂಡಳು.

"ಅದು ಅವ್ರ ದನಿ," ಎಂದಳು. "ಮೇಡಂ, ಅದು ಅವ್ರದೇ ದನಿ."

"ಅಲ್ಲ ಅತ್ತಿಗೆ," ಎಂದ ಗಂಟಲು. ಮೇಜನ್ನೇ ನೋಡುತ್ತಿದ್ದ. "ಆ ಸಂಜೆ ಅಣ್ಣನಿಗೆ ಅಷ್ಟು ಮಾತಾಡೋ ಶಕ್ತಿ ಇರ್ಲಿಲ್ಲ. ನೀವು ಫೋನ್ ಮಾಡಿ 'ರೆಕಾರ್ಡ್ ಆಯ್ತಾ?' ಅಂತ ಕೇಳಿದ್ರಿ. ಆಗಿಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ. ಮನೆಗೆ ಹೋಗಿ ಅಣ್ಣನ ದನಿಯಲ್ಲಿ ನಾನೇ ಹೇಳ್ದೆ. ಸಿನಿಮಾಗೆ ಅಂತ ಅಷ್ಟೇ. ನೀವು ಅದನ್ನ ದಿನಾ ಕೇಳ್ತೀರಿ, ಬಾಗಿಲು ಹಾಕಲ್ಲ, ಬಡ್ತಿ ಬಿಟ್ರಿ. ನಾಳೆ ಎಲ್ಲರ ಮುಂದೆ ನಿಂತು, ಇದೇ ನನ್ನ ಗಂಡನ ಕೊನೇ ಮಾತು ಅಂತ ಹೇಳ್ತೀನಿ ಅಂದ್ರಿ. ನನಗೆ ತಡೆಯೋಕಾಗ್ಲಿಲ್ಲ."

"ಅದಕ್ಕೆ ಅವ್ರ ದನಿಯೆಲ್ಲ ಮುಳುಗಿಸಿದ್ಯಾ?" ಎಂದಳು ಅತ್ತಿಗೆ.

"ಮುಳುಗಿಸಿಲ್ಲ ಅನ್ಸತ್ತೆ," ಎಂದರು ಇನ್ಸ್‌ಪೆಕ್ಟರಮ್ಮ. "ಮೀನನ್ನೇ ಎತ್ತಿಟ್ಟವನು ದನಿಯನ್ನ ಬಿಟ್ಟಿರ್ತಾನಾ? ನೀರಿಗೆ ಹಾಕೋ ಕೆಲಸ ಆಗೋದು ಕ್ಷಣದಲ್ಲಿ. ನೀವು ಮಧ್ಯಾಹ್ನವೆಲ್ಲ ಇಲ್ಲೇ ಇದ್ರಿ. ಏನು ಕಾಪಿ ಮಾಡ್ಕೊಳ್ತಿದ್ರಿ?"

ಗಂಟಲು ಜೇಬಿನಿಂದ ಇನ್ನೊಂದು ಪುಟ್ಟ ಪೆಟ್ಟಿಗೆ ತೆಗೆದು ಮೇಜಿನ ಮೇಲಿಟ್ಟ. "ಆ ಒಂದು ಮಾತು ಬಿಟ್ಟು ಎಲ್ಲ ಇದೆ. ಅದೊಂದನ್ನೇ ಅಳಿಸಿದ್ರೆ ಯಾಕೆ ಅಂತ ಕೇಳ್ತಿದ್ರಿ. ಹಳೇ ಕಾಪಿ ಸಿಕ್ತು ಅಂತ ಸಂಜೆ ತಂದುಕೊಡೋಣ ಅಂತಿದ್ದೆ."

ಮೈದುನ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಅವನ ಕೋಪ ಇನ್ನೂ ಇಳಿದಿರಲಿಲ್ಲ. ಆದರೂ ಕೈ ಮಗುವನ್ನು ಎತ್ತಿಕೊಂಡ ಹಾಗಿತ್ತು.

ಅತ್ತಿಗೆ ಅದನ್ನು ನೋಡಲಿಲ್ಲ. ನೇರ ಬಂದು ಗಂಟಲಿನ ಎದುರು ಕೂತಳು.

"ಅಷ್ಟು ಮಾತಾಡೋ ಶಕ್ತಿ ಇರ್ಲಿಲ್ಲ ಅಂದೆ. ಎಷ್ಟು ಮಾತಾಡಿದ್ರು?"

"ಅತ್ತಿಗೆ, ಅದು ಅಂಥ ಮಾತೇನಲ್ಲ..."

"ಎಂಥದಾದ್ರೂ ಸರಿ."

ಗಂಟಲು ಒಮ್ಮೆ ಕೆಮ್ಮಿ ದನಿ ಸರಿಮಾಡಿಕೊಂಡ. ಬಾಯಿ ತೆರೆದಾಗ ಬಂದದ್ದು ಸತ್ತವನ ದನಿ, ಆ ಭಾರ, ಆ ತುಸು ಎಳೆತ. ಮೈದುನ ಬೆಚ್ಚಿಬಿದ್ದ. ಅತ್ತಿಗೆ ತಟ್ಟನೆ ಕೈ ಎತ್ತಿದಳು.

"ಅವ್ರ ಹಾಗೆ ಬೇಡ. ನಿನ್ನ ದನಿಯಲ್ಲಿ ಹೇಳು."

ಅವನ ಸ್ವಂತ ದನಿ ಬಹಳ ಸಣ್ಣದು. ಅಲ್ಲಿದ್ದವರು ಅದನ್ನು ಸರಿಯಾಗಿ ಕೇಳಿದ್ದೇ ಆಗ.

"'ಆ ನರ್ಸ್ ಹುಡುಗಿ ಬೆಳಿಗ್ಗೆಯಿಂದ ನಿಂತೇ ಇದಾಳೆ. ಒಂದು ಕುರ್ಚಿ ಕೊಡೋ.' ಅಷ್ಟೇ ಅತ್ತಿಗೆ. ಆಮೇಲೆ ನಿದ್ದೆ ಹೋದ್ರು."

ಅತ್ತಿಗೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಭುಜ ಅಲುಗಿತು. ಅಳುತ್ತಿದ್ದಾಳೆಂದು ಕ್ಯಾಮೆರಾ ಎದ್ದು ಬಂದಳು. ಅತ್ತಿಗೆ ನಗುತ್ತಲೂ ಇದ್ದಳು.

"ಇದು ಅವ್ರ ಮಾತು," ಎಂದಳು. "ಅದು ಅಲ್ವೇ ಅಲ್ಲ. ನನ್ನ ಹತ್ರ ಯಾವತ್ತು ರಾಜನ ಹಾಗೆ ಮಾತಾಡಿದ್ರು ಅವ್ರು? ನನಗೇ ತಿಳೀಬೇಕಿತ್ತು." ಕಣ್ಣೊರೆಸಿಕೊಂಡು ಕೇಳಿದಳು, "ಕೊಟ್ಯಾ ಕುರ್ಚಿ?"

"ಕೊಟ್ಟೆ."

ಇನ್ಸ್‌ಪೆಕ್ಟರಮ್ಮ ಪೆನ್ನಿನ ಮುಚ್ಚಳ ಹಾಕಿದರು. "ದೂರು ಏನು ಮಾಡೋಣ?"

"ಇರ್ಲಿ ಮೇಡಂ, ಹರೀಬೇಡಿ." ಅತ್ತಿಗೆಯ ಕಣ್ಣು ಗಂಟಲಿನ ಮೇಲಿಂದ ಕದಲಲಿಲ್ಲ. "ನಾಳೆ ಸಿನಿಮಾ ಆ ಮಾತಿಲ್ಲದೇ ಮುಗೀಲಿ. ಮುಗಿದ ಮೇಲೆ ಇವನು ಎಲ್ಲರ ಮುಂದೆ ಎದ್ದು ನಿಂತು, ಈ ದನಿಯಲ್ಲೇ, ಕುರ್ಚಿಯ ವಿಷಯ ಹೇಳ್ಬೇಕು. ಹೇಳ್ತಾನೋ ಇಲ್ವೋ, ನೀವೂ ಬಂದು ನೋಡಿ. ಆಮೇಲೆ ತೀರ್ಮಾನ ಮಾಡೋಣ."